ಗದಗಿನವರೆಗೆ ಒಂದು ಒದ್ದೆ ವಲ್ಲಿ

ಜಪಾನಿನಲ್ಲಿ ಎಕಿಡೆನ್ ಎಂಬ ಓಟವಿದೆ ಎಂದು ನಮ್ಮ ಮಾಸ್ತರರು ಹೇಳದೇ ಇದ್ದಿದ್ದರೆ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಇಂದಿಗೂ ನನ್ನ ಜೊತೆಗೇ ಇರುತ್ತಿತ್ತು.

ಉಣಕಲ್ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಆರಕ್ಕೆ ಸೇರುವ ಆರು ಮಂದಿ ನಾವು. ಮಾಸ್ತರರು, ವಕೀಲರು, ಬ್ಯಾಂಕಿನ ಸಾಹೇಬರು, ಕಿರಾಣಿ ಅಂಗಡಿಯ ಸಾವಕಾರರು, ಇಂಜಿನಿಯರಿಂಗ್ ಮುಗಿಸಿ ನೌಕರಿ ಹುಡುಕುತ್ತಿರುವ ಒಬ್ಬ ಹುಡುಗ, ಮತ್ತು ನಾನು. ಓಡಲು ಹೋಗುತ್ತೇವೆ ಎಂದು ಎಲ್ಲರೂ ಮನೆಯಲ್ಲಿ ಹೇಳಿ ಬಂದಿರುತ್ತೇವೆ. ಹುಡುಗ ನಿಜವಾಗಿಯೂ ಓಡುತ್ತಾನೆ. ಉಳಿದವರು ಅವನು ತಿರುಗಿ ಬರುವವರೆಗೆ ಚಹಾದಂಗಡಿಯ ಮುಂದೆ ನಿಂತು ದೇಶದ ಯೋಗಕ್ಷೇಮ ವಿಚಾರಿಸುತ್ತೇವೆ. ನನ್ನ ತಾಕತ್ತಿನ ಅಂದಾಜು ಬೇಕಿದ್ದರೆ ಇಷ್ಟು ಹೇಳಬಲ್ಲೆ: ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಬಗ್ಗೆ ಊರಿಗೆಲ್ಲ ಹೆಮ್ಮೆ. ಒಮ್ಮೆ ನನ್ನ ಬೋಗಿ ಅದರ ಆಚೆಯ ತುದಿಯಲ್ಲಿ ನಿಂತಿತ್ತು. ಚೀಲ ಹಿಡಿದು ಹೊರಟ ನಾನು ನಡುವೆ ಎರಡು ಸಲ ಕುಳಿತು ಎದ್ದೆ. ಅಂದಿನಿಂದ ನನ್ನ ಪಾಲಿನ ಹೆಮ್ಮೆಯನ್ನು ಊರಿಗೇ ಬಿಟ್ಟುಕೊಟ್ಟಿದ್ದೇನೆ.

ಇಂಥವರ ನಡುವೆ ನಿಂತು ಮಾಸ್ತರರು ಹೇಳಿದ್ದು ಇದು. 1917ರಲ್ಲಿ ಜಪಾನೀಯರು ಕ್ಯೋಟೋದಿಂದ ಟೋಕಿಯೋದವರೆಗೆ, ಸುಮಾರು 500 ಕಿಲೋಮೀಟರ್, ಮೂರು ದಿನ ಹಗಲೂ ರಾತ್ರಿ ಸರದಿಯ ಮೇಲೆ ಓಡಿದರು. ಕೈಯಲ್ಲಿ ಕೋಲು ಹಿಡಿಯುವ ಬದಲು ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಒಂದು ಬಟ್ಟೆಯ ಪಟ್ಟಿ. ತಾಸುಕಿ ಎಂದು ಅದರ ಹೆಸರು. ಒಬ್ಬ ತನ್ನ ಪಾಳಿ ಮುಗಿಸಿ ಅದನ್ನು ತೆಗೆದು ಮುಂದಿನವನಿಗೆ ಕೊಡಬೇಕು. ಬ್ಯಾಂಕಿನ ಸಾಹೇಬರು ಜಪಾನಿಗೆ ಸೋಲುವವರಲ್ಲ. ಅಮೆರಿಕದಲ್ಲಿ 1982ರಿಂದ ಹುಡ್ ಪರ್ವತದಿಂದ ಸಮುದ್ರದವರೆಗೆ ಇಂಥದೇ ಓಟ ನಡೆಯುತ್ತಿದೆ, ತಂಡಕ್ಕೆ 12 ಜನ, ಎರಡು ವ್ಯಾನು, 300 ಕಿಲೋಮೀಟರಿಗೂ ಹೆಚ್ಚು ದೂರ ಎಂದರು. "ನಮಗೆ ಗದಗ ಸಾಕು" ಎಂದು ಸಾವಕಾರರು ತಮಾಷೆಗೆ ಅಂದ ಮಾತು ಆ ದಿನದ ಠರಾವಾಗಿಬಿಟ್ಟಿತು.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರ್. ಆರು ಜನ, ತಲಾ ಎರಡು ಪಾಳಿ, ಪಾಳಿಗೆ 5 ಕಿಲೋಮೀಟರ್. ಲೆಕ್ಕ ಎಷ್ಟು ಚೆನ್ನಾಗಿ ಹೊಂದಿತೆಂದರೆ ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ. ತಾಸುಕಿಯ ಬದಲಿಗೆ ಮಾಸ್ತರರು ಹೆಗಲ ಮೇಲೆ ಹಾಕುವ ಹೊಸ ವಲ್ಲಿ, ಅಂದರೆ ಟವೆಲ್ಲು, ಬಿಳಿಯದು, ಕೆಂಪು ಅಂಚಿನದು. ವ್ಯಾನಿನ ಬದಲಿಗೆ ಉಳ್ಳಾಗಡ್ಡಿ ಸಾಗಿಸುವ ಒಂದು ಟಂಟಂ. ಅದರ ಡ್ರೈವರನಿಗೆ ಮರುದಿನ ಬೆಳಿಗ್ಗೆ ಗದಗಿನ ಕಡೆಯಿಂದ ಹುಬ್ಬಳ್ಳಿಯ ಎಪಿಎಂಸಿಗೆ ಲೋಡು ತರುವುದಿತ್ತು. ಹೇಗೂ ಖಾಲಿ ಹೋಗುವ ಗಾಡಿ, ಡೀಸೆಲ್ಲಿಗೆ ಕೊಟ್ಟರೆ ಸಾಕು ಎಂದ. ಗಾಡಿಯೇನೋ ಖಾಲಿ ಇತ್ತು, ವಾಸನೆ ತುಂಬಿತ್ತು.

ದಿನ ಆರಿಸಿದ್ದು ವಕೀಲರು. ಶೀಗಿ ಹುಣ್ಣಿಮೆಯ ರಾತ್ರಿ, ಬೆಳದಿಂಗಳಿರುತ್ತದೆ, ದೀಪದ ಖರ್ಚಿಲ್ಲ ಎಂದು ವಾದಿಸಿದರು. ಎರಡು ಸಂಗತಿ ಅವರ ವಾದದಲ್ಲಿ ಸೇರಿರಲಿಲ್ಲ. ಮೊದಲನೆಯದು, ಅಂದು ಸಾವಕಾರರ ಹೊಲದಲ್ಲಿ ಚರಗ. ಭೂಮಿತಾಯಿಗೆ ಚೆಲ್ಲಿ ಉಳಿದದ್ದನ್ನು ತಿನ್ನಬೇಕಲ್ಲ! ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ, ತುಪ್ಪದ ಮೇಲೆ ಒತ್ತಾಯ. ಓಟದ ಹಿಂದಿನ ಹೊತ್ತು ಹಿಟ್ಟಿನ ಪದಾರ್ಥ ಹೆಚ್ಚು ತಿನ್ನಬೇಕೆಂದು ಹುಡುಗ ಮೊಬೈಲಿನಲ್ಲಿ ಓದಿ ಹೇಳಿದ ಮೇಲೆ ನಮ್ಮ ಆತ್ಮಸಾಕ್ಷಿಯೂ ಎಲೆ ಹಾಕಿಕೊಂಡು ಕುಳಿತಿತು. ಎರಡನೆಯದು, ಮೋಡ. ಸಂಜೆ ಒಂದು ಹದವಾದ ಮಳೆ ಬಂದು ನಿಂತಿತು. ಮೋಡ ಮಾತ್ರ ನಿಂತಲ್ಲೇ ನಿಂತಿತು. ವಕೀಲರ ಹುಣ್ಣಿಮೆ ಅಂದು ಕೋರ್ಟಿಗೆ ಹಾಜರಾಗಲೇ ಇಲ್ಲ.

ರಾತ್ರಿ ಒಂಬತ್ತೂವರೆಗೆ ಗದಗ ರಸ್ತೆಯಲ್ಲಿ ಹುಡುಗ ಹೊರಟ. ಅರ್ಧ ತಾಸಿನೊಳಗೆ ತನ್ನ ಪಾಳಿ ಮುಗಿಸಿ, ವಲ್ಲಿಯನ್ನು ನನ್ನ ಕೊರಳಿಗೆ ಹಾಕಿದ. ಆಗ ಅದು ಸ್ವಲ್ಪ ತೇವವಾಗಿತ್ತು ಅಷ್ಟೇ. ಊರು ಮುಗಿದು ಹೊಲ ಶುರುವಾಗುವ ಆ ಜಾಗದಲ್ಲಿ ನಾಲ್ಕು ನಾಯಿಗಳು ನನಗಾಗಿ ಕಾಯುತ್ತಿದ್ದವು. ನನ್ನ ಜೀವಮಾನದ ಅತ್ಯುತ್ತಮ ವೇಗವನ್ನು ನಾನು ಆ ಒಂದು ಫರ್ಲಾಂಗಿನಲ್ಲಿ ದಾಖಲಿಸಿದೆ. ಮೂರು ನಾಯಿಗಳು ತಮ್ಮ ಸರಹದ್ದಿನಲ್ಲಿ ನಿಂತವು. ನಾಲ್ಕನೆಯದಕ್ಕೆ ನನ್ನ ಮೇಲೆ ಏನು ಮಮತೆ ಹುಟ್ಟಿತೋ, ಬೊಗಳುವುದನ್ನು ಬಿಟ್ಟು ಪಾಳಿಯ ಕೊನೆಯವರೆಗೂ ಪಕ್ಕದಲ್ಲೇ ಓಡಿ ಬಂತು. ನಾನು ಏದುಸಿರು ಬಿಡುವಾಗಲೆಲ್ಲ ಕತ್ತೆತ್ತಿ ಮುಖ ನೋಡುತ್ತಿತ್ತು. ಆ ನೋಟದಲ್ಲಿ ಇದ್ದದ್ದು ಕನಿಕರ ಎಂದು ಈಗ ಅನಿಸುತ್ತದೆ.

ಓಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಟಂಟಂ ಬಗ್ಗೆ ಯಾರೂ ಬರೆಯುವುದಿಲ್ಲ. ಆರು ಜನರ ಓಟದಲ್ಲಿ ಒಬ್ಬ ಓಡುವಾಗ ಐವರು ಸುಮ್ಮನೆ ಇರಬೇಕು. ಇದು ಓಡುವುದಕ್ಕಿಂತ ಕಠಿಣ. ಹಿಂದಿನ ಡಬ್ಬಿಯಲ್ಲಿ ಗೋಣಿ ಚೀಲಗಳ ಮೇಲೆ ಮಂಡಿಗೆ ಮಂಡಿ ತಾಗಿಸಿ ಕುಳಿತ ಐವರ ತಲೆಗೂದಲಲ್ಲಿ ಉಳ್ಳಾಗಡ್ಡಿ ಸಿಪ್ಪೆ. ಒಳಗೆ ಪುಂಡಿಪಲ್ಯ ತನ್ನ ಎರಡನೆಯ ಪಾಳಿ ಓಡುತ್ತಿದೆ. ಸಾಹೇಬರು ತೇಗುತ್ತಾರೆ, ವಕೀಲರು ಆಕ್ಷೇಪಿಸುತ್ತಾರೆ. ಮಲಗೋಣವೆಂದರೆ ಗಾಡಿ ಕುಣಿಯುತ್ತದೆ, ಎಚ್ಚರವಿರೋಣವೆಂದರೆ ಕಣ್ಣು ಉರಿಯುತ್ತದೆ. ಶಿಸ್ತಿಗಾಗಿ ಎಲ್ಲರ ಮೊಬೈಲುಗಳನ್ನು ಸದ್ದಡಗಿಸಿ ಒಂದು ಚೀಲದಲ್ಲಿ ಹಾಕಬೇಕೆಂದು ಮಾಸ್ತರರು ಕಟ್ಟಪ್ಪಣೆ ಮಾಡಿದ್ದರು. ಹುಡುಗನೊಬ್ಬ ಮಾತ್ರ ಕಿವಿಗೆ ಹಾಡು ಸಿಕ್ಕಿಸಿಕೊಂಡು ತನ್ನದನ್ನು ಬಚ್ಚಿಟ್ಟುಕೊಂಡಿದ್ದ. ಅವನ ಅವಿಧೇಯತೆಗೆ ನಾನು ಇಂದಿಗೂ ಋಣಿ.

ಶಿರಗುಪ್ಪಿ, ಬಂಡಿವಾಡ ಹೇಗೋ ಕಳೆದವು. ನಲವಡಿಯ ಟೋಲ್ ದಾಟುವಾಗ, ಹಣೆಗೆ ದೀಪ ಕಟ್ಟಿಕೊಂಡು ಓಡಿ ಬಂದ ಮಾಸ್ತರರನ್ನು ನೋಡಿ ಅಲ್ಲಿದ್ದ ಹುಡುಗನೊಬ್ಬ, "ಫಾಸ್ಟ್ಯಾಗ್ ಎಲ್ಲಿ ಅಂಟಿಸಿದ್ದೀರಿ ಸರ್?" ಎಂದು ಕೇಳಿದನಂತೆ. ಮಾಸ್ತರರು ನಿಂತು ಅವನಿಗೆ ಎಕಿಡೆನ್ ಇತಿಹಾಸ ಹೇಳಿದರಂತೆ. ಅವರ ಪಾಳಿ ಹತ್ತು ನಿಮಿಷ ತಡವಾದದ್ದಕ್ಕೆ ಕಾಲಿನ ದೋಷ ಕಾರಣವಲ್ಲ ಎಂದು ಇದರಿಂದ ತಿಳಿಯಿತು.

ಅಣ್ಣಿಗೇರಿಯ ಬಳಿ ನನ್ನ ಎರಡನೆಯ ಪಾಳಿ ಬಂದಾಗ ಎರಡು ಗಂಟೆ ದಾಟಿತ್ತು. ವಲ್ಲಿ ಅಷ್ಟರಲ್ಲಿ ಆರು ಮೈಗಳ ಬೆವರು ಕುಡಿದು ಏಳನೆಯ ಪಾಳಿ ಮುಗಿಸಿತ್ತು. ಕೊಡುವವರು ಸಡಗರದಿಂದ ಕೊಡುತ್ತಿದ್ದರು, ತೆಗೆದುಕೊಳ್ಳುವವರು ಎರಡು ಬೆರಳಿನಲ್ಲಿ ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹಾಕಿಕೊಳ್ಳುತ್ತಿದ್ದರು. ಬಿಳಿ ಬಣ್ಣ ಹೋಗಿತ್ತು. ಕೆಂಪು ಅಂಚು ಎಲ್ಲಿದೆಯೆಂದು ಹುಡುಕಬೇಕಿತ್ತು. "ಐದು ಕಿಲೋಮೀಟರಿಗೆ ಒಂದು ಪೆಟ್ರೋಲ್ ಬಂಕ್, ಅಲ್ಲಿ ನಾವಿರುತ್ತೇವೆ" ಎಂದು ಹೇಳಿ ಟಂಟಂ ಮುಂದೆ ಹೋಯಿತು.

ಸ್ವಲ್ಪ ದೂರದಲ್ಲೇ ಹಿಂದಿನಿಂದ ಬಂದ ಲಾರಿಯೊಂದು ಹೊಡೆದ ಹಾರ್ನಿಗೆ ನಾನು ರಸ್ತೆ ಬಿಟ್ಟು ಹೊಲಕ್ಕೆ ಹಾರಿದೆ. ಮಳೆ ಕುಡಿದ ಎರೆ ಹೊಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ, ಬಂದವರನ್ನು ಹೋಗಗೊಡುವುದಿಲ್ಲ. ನಾಲ್ಕು ಹೆಜ್ಜೆಗೆ ಒಂದೊಂದು ಬೂಟೂ ಒಂದೊಂದು ಸೇರು ತೂಗತೊಡಗಿತು. ಬಲಗಾಲು ಬೂಟಿನ ಸಮೇತ ಬಂತು, ಎಡಗಾಲು ಬೂಟನ್ನು ಅಲ್ಲೇ ಬಿಟ್ಟು ಬಂತು. ಕತ್ತಲಲ್ಲಿ ಬಗ್ಗಿ, ಹೆಸರಿಲ್ಲದ ಯಾವುದೋ ಬೇರಿನ ಜೊತೆ ಜಗ್ಗಾಡಿ, ಕಡೆಗೂ ಬೂಟನ್ನು ಕಿತ್ತುಕೊಂಡೆ. ಹೆಬ್ಬೆರಳಿನ ಉಗುರಿನ ಕಥೆ ಅಲ್ಲಿಂದ ಶುರು.

ಮಣ್ಣಿನ ಬೂಟಿನಲ್ಲಿ ಓಡುವಾಗ ಲಕ್ಷ್ಯವೆಲ್ಲ ಕೆಳಗೇ ಇರುತ್ತದೆ. ಬಂಕ್ ಬಂದದ್ದು ಕಾಣಿಸಿತು. ಅಲ್ಲಿ ಸಾಲಾಗಿ ಲಾರಿಗಳು ನಿಂತಿದ್ದವು, ಟಂಟಂ ಕಾಣಿಸಲಿಲ್ಲ. ಇದಲ್ಲ, ಮುಂದಿನದು ಇರಬೇಕು ಎಂದುಕೊಂಡು ಮುಂದೆ ಓಡಿದೆ. ಆ ಲಾರಿಗಳ ಹಿಂದೆ, ದೀಪ ಆರಿಸಿದ ಟಂಟಮ್ಮಿನಲ್ಲಿ, ವಲ್ಲಿಗಾಗಿ ಎದ್ದು ನಿಂತಿರಬೇಕಾಗಿದ್ದ ಸಾವಕಾರರೂ ಸೇರಿ ಐವರೂ ಗೊರಕೆ ಹೊಡೆಯುತ್ತಿದ್ದರು ಎಂಬುದು ಆಮೇಲೆ ಗೊತ್ತಾದ ವಿಷಯ.

ಮುಂದಿನ ಬಂಕ್ ಬರಲಿಲ್ಲ. ಒಂದು ಹಳ್ಳ, ಅದರ ಮೇಲೊಂದು ಸೇತುವೆ, ಪಕ್ಕದಲ್ಲಿ ಬೇವಿನ ಮರ, ಮರದ ಕೆಳಗೆ ತಾಡಪತ್ರಿ ಹೊದಿಸಿದ ಉಳ್ಳಾಗಡ್ಡಿ ರಾಶಿ ಬಂತು. ರಾಶಿಯ ಪಕ್ಕ ಕಂಬಳಿ ಹೊದ್ದು ಕಾವಲು ಕುಳಿತಿದ್ದ ಅಜ್ಜ ಬ್ಯಾಟರಿ ಬೆಳಕನ್ನು ನನ್ನ ಮುಖಕ್ಕೆ ಹಿಡಿದ.

"ಬಸ್ಸು ತಪ್ಪಿತೇನು ತಮ್ಮಾ?"

"ಇಲ್ಲ ಅಜ್ಜಾ, ಓಡುತ್ತಿದ್ದೇನೆ."

"ಅದು ಕಾಣಿಸುತ್ತಿದೆ. ಯಾವ ಬಸ್ಸು?"

ನಾನು ಜಪಾನಿನಿಂದ ಶುರು ಮಾಡಿದೆ. ಅಜ್ಜ ಸಮಾಧಾನದಿಂದ ಪೂರ್ತಿ ಕೇಳಿ, ಒಂದು ಬೊಗಸೆ ಶೇಂಗಾ ಕೊಟ್ಟು, "ಬೆಳಿಗ್ಗೆ ಆರಕ್ಕೆ ಒಂದು ಬರುತ್ತದೆ, ಅಲ್ಲಿಯವರೆಗೆ ಕೂಡು" ಎಂದ.

ಅವನ ಬಳಿ ಗುಂಡಿ ಒತ್ತುವ ಫೋನಿತ್ತು. ನನಗೆ ಬಾಯಿಪಾಠ ಇರುವುದು ಒಂದೇ ನಂಬರು, ಪ್ರತಿ ಅರ್ಜಿಯ ಕೊನೆಯ ಕಾಲಮ್ಮಿನಲ್ಲಿ ಬರೆದು ಬರೆದು ರೂಢಿಯಾದ ಹೆಂಡತಿಯ ನಂಬರು. ಮೂರು ಗಂಟೆ ಹತ್ತು ನಿಮಿಷಕ್ಕೆ, ಗುರುತಿಲ್ಲದ ನಂಬರಿನಿಂದ ಬಂದ ಕರೆಯನ್ನು ಎತ್ತಿ ಅವಳು ಕೇಳಿದ ಮೊದಲ ಪ್ರಶ್ನೆ: "ಯಾವ ಆಸ್ಪತ್ರೆ?"

ಆಸ್ಪತ್ರೆಯಲ್ಲ, ಹಳ್ಳದ ಪಕ್ಕ ಕುಳಿತಿದ್ದೇನೆ, ಅವರಿಗೆ ತಿಳಿಸು ಎಂದೆ. ಅವಳ ಬಳಿ ಇದ್ದದ್ದು ಸಾವಕಾರರ ಹೆಂಡತಿಯ ನಂಬರು, ತಿಂಗಳ ಕಿರಾಣಿ ಚೀಟಿ ಕಳಿಸುವುದಕ್ಕೆ. ಆ ವೈನಿ ಎದ್ದು ಗಂಡನಿಗೆ ಫೋನು ಮಾಡಿದರು. ಅದು ಚೀಲದೊಳಗೆ ಸದ್ದಿಲ್ಲದೆ ನಡುಗಿ ಸುಮ್ಮನಾಯಿತು. ಅವರು ವಕೀಲರ ಮನೆಯ ವೈನಿಯನ್ನು ಎಬ್ಬಿಸಿದರು, ಅವರು ಸಾಹೇಬರ ಮನೆಯವರನ್ನು, ಅವರು ಮಾಸ್ತರರ ಮನೆಯವರನ್ನು, ಮಾಸ್ತರರ ಮನೆಯವರು ಪಕ್ಕದ ಓಣಿಯ ಹುಡುಗನ ತಾಯಿಯನ್ನು. ತಾಯಿಯ ಕರೆ ನೇರವಾಗಿ ಹುಡುಗನ ಕಿವಿಯೊಳಗೇ ಬಾರಿಸಿತು. ಆ ರಾತ್ರಿ ಯಾರೂ ನಿದ್ದೆಗೆಡದೆ, ಅಲ್ಲಲ್ಲ, ಎಲ್ಲರೂ ನಿದ್ದೆಗೆಟ್ಟು, ಒಂದು ಕೈಯೂ ತಪ್ಪದೆ ನಡೆದ ರಿಲೇ ಎಂದರೆ ಅದೊಂದೇ. ಐದು ಹಸ್ತಾಂತರ, ಇಪ್ಪತ್ತು ನಿಮಿಷ.

ಒಂದೇ ಊನ. ವಲ್ಲಿಯ ಹಾಗೆ ಸುದ್ದಿಯೂ ಕೈಯಿಂದ ಕೈಗೆ ಹೋಗುವಾಗ ಭಾರವಾಗುತ್ತ ಹೋಗಿತ್ತು. ನನ್ನ ಹೆಂಡತಿ ಹೇಳಿದ "ಹಳ್ಳದ ಪಕ್ಕ ಕುಳಿತಿದ್ದಾರೆ" ಎಂಬುದು ಮೂರನೆಯ ಮನೆಗೆ "ಹಳ್ಳದಲ್ಲಿ ಕುಳಿತಿದ್ದಾರೆ" ಆಯಿತು, ಐದನೆಯ ಮನೆಗೆ "ಹಳ್ಳಕ್ಕೆ ಬಿದ್ದಿದ್ದಾರೆ" ಆಯಿತು. ಹೀಗಾಗಿ ಸೇತುವೆಯ ಮೇಲೆ ಟಂಟಂ ಕಿರ್ರೆಂದು ನಿಂತಾಗ ಮೊದಲು ಇಳಿದವನು ಡ್ರೈವರ್, ಕೈಯಲ್ಲಿ ಲೋಡು ಕಟ್ಟುವ ಹಗ್ಗ. ಹಿಂದೆ ಐವರು. ಎಲ್ಲರೂ ನೀರಿಗೆ ಬ್ಯಾಟರಿ ಬಿಟ್ಟು ನನ್ನ ಹೆಸರು ಹಿಡಿದು ಕೂಗತೊಡಗಿದರು. ವಕೀಲರ ದನಿ ನಡುಗುತ್ತಿತ್ತು. ನನ್ನ ಬಗ್ಗೆ ಅವರಿಗೆ ಇಷ್ಟು ವಿಶ್ವಾಸವಿದೆ ಎಂದು ಗೊತ್ತೇ ಇರಲಿಲ್ಲ. ಇನ್ನೂ ಸ್ವಲ್ಪ ಕೂಗಲಿ ಎಂದು ಬೇವಿನ ಮರದ ಕೆಳಗೆ ಶೇಂಗಾ ಸುಲಿಯುತ್ತ ಕುಳಿತಿದ್ದೆ. ಅಜ್ಜನಿಗೇ ತಡೆಯಲಾಗಲಿಲ್ಲ. "ಇಲ್ಲಿದ್ದಾನೆ ಬನ್ನಿರಪ್ಪಾ" ಎಂದುಬಿಟ್ಟ.

ಅಪ್ಪಿಕೊಳ್ಳುವುದು ಮುಗಿದ ಮೇಲೆ ಸಾವಕಾರರು ಲೆಕ್ಕ ತೆಗೆದರು. ನಾನು ಬಂಕ್ ದಾಟಿ ಎರಡು ಕಿಲೋಮೀಟರ್ ಹೆಚ್ಚು ಓಡಿದ್ದೇನೆ, ಅದು ಅವರ ಪಾಳಿಗೆ ಜಮೆಯಾಗತಕ್ಕದ್ದು, ಆದ್ದರಿಂದ ಅವರು ಓಡಬೇಕಾದ್ದು ಮೂರೇ ಕಿಲೋಮೀಟರ್. ಮಲಗಿದವನಿಗೆ ಲಾಭ ಕೊಡುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ ಎಂದು ವಕೀಲರು ಎದ್ದು ನಿಂತರು. ವಾದ ಮುಗಿಯುವಷ್ಟರಲ್ಲಿ ಮೂರು ಕಿಲೋಮೀಟರ್ ಓಡಿ ಮುಗಿಸಬಹುದಿತ್ತು.

ಹುಲಕೋಟಿ ದಾಟುವಾಗ ಬೆಳಕು ಹರಿಯಿತು. ಮಾಸ್ತರರು ಗದಗಿನ ವೀರನಾರಾಯಣ ಗುಡಿಯ ಮುಂದೆ ವಲ್ಲಿ ಎತ್ತಿ ಹಿಡಿದು ನಿಂತಾಗ ಆರೂವರೆ. ಹೂ ಮಾರುತ್ತಿದ್ದ ಅಜ್ಜಿಯೊಬ್ಬಳು ವಾಸನೆಗೆ ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ಮಾಸ್ತರರಿಗೆ ಅದರ ಪರಿವೆ ಇಲ್ಲ. ಕುಮಾರವ್ಯಾಸ ಮಿಂದು ಬಂದು ಈ ಗುಡಿಯ ಕಂಬದ ಬಳಿ ಕುಳಿತು, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹೇಳುತ್ತಿದ್ದನೆಂಬ ಪ್ರತೀತಿಯನ್ನು ನಮಗೆಲ್ಲ ನೆನಪಿಸಿ, "ಒದ್ದೆ ಬಟ್ಟೆಗೆ ಈ ಊರಲ್ಲಿ ಪರಂಪರೆ ಇದೆ" ಎಂದರು. ಅವನು ಮಿಂದಿದ್ದ ಎಂಬುದನ್ನು ಹುಡುಗ ಮೆಲ್ಲಗೆ ಎತ್ತಿ ತೋರಿಸಿದ.

ಟಂಟಂ ಲೋಡಿಗೆ ಹೋಯಿತು. ಉಪ್ಪಿಟ್ಟು ತಿಂದು ನಾವು ಆರೂ ಜನ ಬಸ್ಸು ಹತ್ತಿದೆವು. ರಾತ್ರಿಯಿಡೀ ಓಡಿದ ದಾರಿ ಕಿಟಕಿಯಲ್ಲಿ ಹಿಂದಕ್ಕೆ ಓಡುವುದನ್ನು ನೋಡಬೇಕೆಂದುಕೊಂಡಿದ್ದೆ. ಗದಗ ಬಿಟ್ಟೊಡನೆ ಸಿಗುವ ಬಿಂಕದಕಟ್ಟಿಯನ್ನೂ ನೋಡಲಿಲ್ಲ. ಕಂಡಕ್ಟರ್ ಭುಜ ಅಲುಗಾಡಿಸಿದಾಗ ಕಣ್ಣು ಬಿಟ್ಟರೆ ಬಸ್ಸು ಧಾರವಾಡದಲ್ಲಿತ್ತು. ಹುಬ್ಬಳ್ಳಿ ಬಂದಾಗ ಎಬ್ಬಿಸುವುದು ಯಾರ ಪಾಳಿಯಾಗಿತ್ತು ಎಂಬ ವಾದ ಕೆರೆಯ ದಂಡೆಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

ಮನೆ ಸೇರಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಟ್ಟು ಕುಳಿತಿದ್ದೆ. ಹೆಂಡತಿಯ ಫೋನು ಬಾರಿಸಿತು. ರಾತ್ರಿಯ ಅದೇ ನಂಬರು. ಅವಳು ಸ್ಪೀಕರಿಗೆ ಹಾಕಿದಳು.

"ತಂಗೀ, ಆ ಹುಡುಗನಿಗೆ ಕಡೆಗೂ ಬಸ್ಸು ಸಿಕ್ಕಿತೇನವ್ವಾ?"

ಅವಳು ನನ್ನನ್ನೂ ಬಕೆಟ್ಟನ್ನೂ ಒಮ್ಮೆ ನೋಡಿದಳು.

"ಸಿಕ್ಕಿತು ಅಜ್ಜಾ. ಧಾರವಾಡದ ತನಕ ಹೋಗಿ ಬಂದರು."