ಬಾನೆಟ್ ಬೆಚ್ಚಗಿತ್ತು!

ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

ಇಷ್ಟು ಬರೆದು ನಿಲ್ಲಿಸಿದರೂ ಸಾಕು, ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ನನ್ನ ಹೊಟ್ಟೆ ಯಾಕೆ ಉರಿಯುತ್ತಿದೆ ಅಂತ ಗೊತ್ತಾಗುತ್ತದೆ. ಬೆಳಿಗ್ಗೆ ಆರೂವರೆಗೆ ಎಂಜಿನ್ ಬೆಚ್ಚಗಿತ್ತು. ರಾತ್ರಿಯಿಡೀ ನಿಂತ ಗಾಡಿ!

ನಾನು ಅದನ್ನು ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟು ಬಂದಿದ್ದೇ ಒಂದು ಕಾರಣಕ್ಕೆ. ಬೆಳಿಗ್ಗೆ ಅದು ಪೂರ್ತಿ ತಣ್ಣಗಿರಬೇಕು. ಮೊದಲ ಸೆಲ್ಫ್ ಮೆಕ್ಯಾನಿಕ್ ಕಣ್ಣೆದುರೇ ಹೊಡೆಯಬೇಕು. ಅದು ಕೊಸರಾಡುವುದನ್ನು, ಹತ್ತಿಕೊಂಡ ಮೇಲೆ ಮೈಯೆಲ್ಲ ನಡುಗಿಸುವುದನ್ನು, ಸೈಲೆನ್ಸರ್‌ನಿಂದ ಕಣ್ಣುರಿಯುವ ಬಿಳಿ ಹೊಗೆ ಬರುವುದನ್ನು ಅವರೇ ನೋಡಬೇಕು. ಹಿಂದಿನ ಸಂಜೆ ಬಾಯಿಬಿಟ್ಟು ಹೇಳಿದ್ದೆ, "ಅಣ್ಣಾ, ಕೈ ಮುಗೀತೀನಿ, ನಾನು ಬರೋವರೆಗೆ ಸ್ಟಾರ್ಟ್ ಮಾಡ್ಬೇಡಿ." ಹೇಳಿದ್ದು ಸಾಲದು ಅಂತ ಸ್ಟೇರಿಂಗ್ ಮೇಲೆ ಚೀಟಿ ಅಂಟಿಸಿದ್ದೆ. ದಪ್ಪ ಅಕ್ಷರದಲ್ಲಿ. ಕೆಳಗೆ ಎರಡು ಗೆರೆ ಎಳೆದು.

ಚೀಟಿ ಪಕ್ಕದ ಸೀಟಿನ ಮೇಲೆ ಬಿದ್ದಿತ್ತು. ಟೇಪ್ ಸಮೇತ. ಅದರ ಮೇಲೆ ಆಯಿಲ್ ಹೆಬ್ಬೆಟ್ಟಿನ ಗುರುತು. ಓದಿಯೇ ಕಿತ್ತಿದ್ದಾರೆ ಅಥವಾ ಓದದೆ ಕಿತ್ತಿದ್ದಾರೆ. ಯಾವುದು ಜಾಸ್ತಿ ಕೆಟ್ಟದ್ದು ಅಂತ ನನಗೆ ಈಗಲೂ ಹೇಳಲಾಗುತ್ತಿಲ್ಲ.

"ಬೇರೆ ಗಾಡಿ ಆಚೆ ತೆಗೀಬೇಕಿತ್ತು ಸರ್, ಹುಡುಗ ಸ್ವಲ್ಪ ಹಿಂದೆಮುಂದೆ ಮಾಡಿದ ಅಷ್ಟೇ" ಅಂದರು. ಅಷ್ಟೇ! ನ್ಯೂಟ್ರಲ್‌ಗೆ ಹಾಕಿ ಮೂರು ಜನ ತಳ್ಳಿದ್ದರೆ ಆಗುತ್ತಿತ್ತು ಅಲ್ವಾ? ಅಲ್ಲಿ ಮೂರು ಜನ ಇದ್ದರು. ಸುಮ್ನೆ ನಿಂತಿದ್ದರು.

ಆ ಹುಡುಗನನ್ನು ಕೇಳಿದೆ, "ಸ್ಟಾರ್ಟ್ ಮಾಡುವಾಗ ಹೇಗಿತ್ತಪ್ಪಾ?" ಅವನು ಮೆಕ್ಯಾನಿಕ್ ಮುಖ ನೋಡಿದ. "ಏನೂ ಗೊತ್ತಾಗಲಿಲ್ಲ ಅಣ್ಣ" ಅಂದ. ಗೊತ್ತಾಗಿರಲೇಬೇಕು. ಇಡೀ ಗಾಡಿ ಅಲುಗಾಡುತ್ತದೆ, ಗೇರ್ ಲಿವರ್ ಕೈಯಲ್ಲಿ ಕುಣಿಯುತ್ತದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೆಲಸ ಅವನಿಗೆ ಬೇಕು.

ಆಮೇಲೆ ಆಗಿದ್ದನ್ನು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಎಷ್ಟು ಸಲ ನೋಡಿದೆನೋ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದರು. ಇನ್ನಿಬ್ಬರು ಗಾಡಿ ಬಿಡಲು ಬಂದವರಿದ್ದರು. ಅವರನ್ನೂ ಕರೆದರು, "ಬನ್ನಿ ಸರ್, ನೀವೂ ನೋಡಿ." ನನ್ನನ್ನು ಸೀಟಿನಲ್ಲಿ ಕೂರಿಸಿದರು. ಬಾಗಿಲು ತೆರೆದೇ ಇತ್ತು. ಬಾಗಿಲ ಮೇಲೆ ಮೊಣಕೈ ಊರಿ ನಿಂತು, "ಹೊಡೀರಿ ಸೆಲ್ಫ್" ಅಂದರು. ನಾನು ಹೇಳಿದೆ, ಎಂಜಿನ್ ಬಿಸಿ ಇದೆ, ಈಗ ಹೊಡೆದರೆ ಏನೂ ಗೊತ್ತಾಗಲ್ಲ. "ಹೊಡೀರಿ ಸರ್, ಮೊದ್ಲು ಹೊಡೀರಿ."

ಕೀ ತಿರುಗಿಸಿದೆ. ಅರ್ಧ ಸೆಕೆಂಡ್. ಹತ್ತಿಕೊಂಡಿತು. ಹೊಗೆ ಇಲ್ಲ, ನಡುಕ ಇಲ್ಲ, ಏನೂ ಇಲ್ಲ.

ಅವರು ನನ್ನನ್ನು ನೋಡಲಿಲ್ಲ. ಆ ಇಬ್ಬರನ್ನು ನೋಡಿದರು. ಹುಬ್ಬು ಮೇಲೇರಿಸಿದರು. ಒಬ್ಬರು ನಕ್ಕರು. ಇನ್ನೊಬ್ಬರು ಕರುಣೆ ಪಡುವವರ ಥರ ತಲೆ ಆಡಿಸಿದರು. ಆಮೇಲೆ ಮೆಕ್ಯಾನಿಕ್ ಚಿಕ್ಕ ಮಗುವಿಗೆ ಹೇಳುವ ಹಾಗೆ, ನಿಧಾನವಾಗಿ, "ಸರ್, ಡೀಸೆಲ್ ಗಾಡಿ ಸ್ಟಾರ್ಟ್ ಮಾಡೋಕೂ ಒಂದು ಕ್ರಮ ಇದೆ. ಕೀ ಹಾಕಿ, ಆ ಸ್ಪ್ರಿಂಗ್ ಥರ ಲೈಟ್ ಇದೆಯಲ್ಲ, ಅದು ಆಫ್ ಆಗೋವರೆಗೆ ಕಾಯ್ಬೇಕು. ಆಮೇಲೆ ಸೆಲ್ಫ್" ಅಂದರು.

ಹನ್ನೊಂದು ವರ್ಷದಿಂದ ಡೀಸೆಲ್ ಗಾಡಿ ಓಡಿಸುತ್ತಿದ್ದೇನೆ. ಆ ಲೈಟ್ ಆರುವವರೆಗೆ ಕಾಯದ ಒಂದು ಬೆಳಿಗ್ಗೆಯೂ ಇಲ್ಲ. ನನ್ನ ಬಾಯಲ್ಲಿ ಮಾತೇ ಬರಲಿಲ್ಲ. "ಸರಿ" ಅಂದೆ. ಸರಿ ಅಂದೆ! ಅದೇ ತಡೆಯಲಾಗುತ್ತಿಲ್ಲ ನನಗೆ.

ಆ ಲೈಟ್ ಬಗ್ಗೆ ಹೇಳುತ್ತೇನೆ ಕೇಳಿ. ಎಷ್ಟೋ ಗಾಡಿಗಳಲ್ಲಿ ಅದು ಬರೀ ಲೆಕ್ಕದ ಲೈಟ್. ಇಂತಿಷ್ಟು ಹೊತ್ತು ಉರಿದು ಆರುತ್ತದೆ. ಒಳಗಿನ ಹೀಟರ್ ಪ್ಲಗ್, ಅಂದರೆ ತಣ್ಣಗಿನ ಎಂಜಿನ್ ಹತ್ತಿಕೊಳ್ಳಲೆಂದು ಒಂದೊಂದು ಸಿಲಿಂಡರಿಗೂ ಇರುವ ಕಾಯುವ ಪ್ಲಗ್, ನಿಜವಾಗಿ ಕಾದಿದೆಯೋ ಇಲ್ಲವೋ ಅದಕ್ಕೆ ಗೊತ್ತೇ ಇರುವುದಿಲ್ಲ. ನಾಲ್ಕರಲ್ಲಿ ಎರಡು ಸತ್ತಿದ್ದರೂ ಅದು ತನ್ನ ಪಾಡಿಗೆ ಉರಿದು ಆರುತ್ತದೆ. ನನ್ನ ಗಾಡಿಯಲ್ಲಿ ಆಗಿರುವುದು ಅದೇ. ಊಹೆಯಲ್ಲ, ಮೀಟರ್ ಹಿಡಿದು ಅಳೆದಿದ್ದೇನೆ. ಪ್ಲಗ್‌ನ ವೈರ್ ಕಳಚಿ, ಮಲ್ಟಿಮೀಟರ್‌ನ ಒಂದು ತುದಿ ಪ್ಲಗ್ ತಲೆಗೆ, ಇನ್ನೊಂದು ಎಂಜಿನ್ ಬಾಡಿಗೆ. ಚೆನ್ನಾಗಿರುವ ಪ್ಲಗ್ ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಎರಡನೆಯದು 0.8. ನಾಲ್ಕನೆಯದು 0.9. ಒಂದು ಮತ್ತು ಮೂರು? ಮೀಟರ್ ಕದಲಲೇ ಇಲ್ಲ. ಒಳಗಿನ ತಂತಿ ಸುಟ್ಟುಹೋಗಿದೆ, ದಾರಿಯೇ ಇಲ್ಲ. ಇದನ್ನೂ ಅದೇ ಚೀಟಿಯಲ್ಲಿ ಬರೆದಿದ್ದೆ. "ಆ ಮೀಟರ್ ಎಲ್ಲಾ ನಂಬ್ಬೇಡಿ ಸರ್" ಅಂದರು.

ಮೀಟರ್ ನಂಬಬಾರದಂತೆ. ಬೆಚ್ಚಗಿರುವ ಎಂಜಿನ್ ನಂಬಬೇಕಂತೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರೋ ಹದಿನೆಂಟೋ ಪಾಲಿನಲ್ಲಿ ಒಂದು ಪಾಲಿಗೆ ಹಿಂಡುತ್ತದೆ. ಹಿಂಡಿದ ಗಾಳಿ ಕಾಯುತ್ತದೆ. ಆ ಕಾವಿಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹತ್ತಿಕೊಳ್ಳುತ್ತದೆ. 1897ರಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್‌ನಲ್ಲೂ ಇದೇ, ಇವತ್ತೂ ಇದೇ. ಚಳಿಯಲ್ಲಿ ಏನಾಗುತ್ತದೆ? ಗಾಳಿಯ ಕಾವನ್ನು ತಣ್ಣನೆಯ ಕಬ್ಬಿಣ ಕುಡಿದುಬಿಡುತ್ತದೆ. ಆಯಿಲ್ ಗಟ್ಟಿ, ಬ್ಯಾಟರಿ ಬಲ ಕಡಿಮೆ, ಎಂಜಿನ್ ನಿಧಾನ ತಿರುಗುತ್ತದೆ, ಕಾವು ಇನ್ನೂ ಸೋರುತ್ತದೆ. ಅದಕ್ಕೇ ಹೀಟರ್ ಪ್ಲಗ್. ಪೆನ್ಸಿಲ್ ಗಾತ್ರದ ಸಣ್ಣ ಸಾಮಾನು, ತುದಿ ಮಾತ್ರ 800 ಡಿಗ್ರಿಗೂ ಮೇಲೆ ಕೆಂಪಗೆ ಕಾಯುತ್ತದೆ. ಅದು ಸತ್ತ ಸಿಲಿಂಡರ್‌ನಲ್ಲಿ ಡೀಸೆಲ್ ಸುಡುವುದಿಲ್ಲ. ಹಾಗೇ ಬಿಳಿ ಹೊಗೆಯಾಗಿ ಹಿಂದೆ ಬರುತ್ತದೆ. ನನ್ನ ಗಾಡಿ ಮೊದಲ ಅರ್ಧ ನಿಮಿಷ ಎರಡೇ ಸಿಲಿಂಡರ್‌ನಲ್ಲಿ ಕುಂಟುತ್ತದೆ. ಆಮೇಲೆ ಒಂದು "ಟಕ್" ಅನ್ನುತ್ತದೆ, ಪ್ಲಗ್ ಸತ್ತ ಸಿಲಿಂಡರುಗಳಲ್ಲಿ ಒಂದು ಹತ್ತುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಉಳಿದದ್ದೂ. ಕಿವಿಗೊಟ್ಟರೆ ಒಂದೊಂದಾಗಿ ಸೇರಿಕೊಳ್ಳುವುದು ಕೇಳಿಸುತ್ತದೆ. ಕಾದ ಮೇಲೆ ಬೆಣ್ಣೆಯಂತೆ ಓಡುತ್ತದೆ. ಗ್ಯಾರೇಜ್ ತಲುಪುವಷ್ಟರಲ್ಲಿ ಎಲ್ಲಾ ಸರಿ. ಅದಕ್ಕೇ ರಾತ್ರಿ ಬಿಟ್ಟು ಬಂದಿದ್ದು! ಅದಕ್ಕೇ ಚೀಟಿ!

ವಿಡಿಯೋನೂ ಮಾಡಿದ್ದೆ. ಐದು ಸೆಕೆಂಡ್ ನೋಡಿ ಫೋನ್ ವಾಪಸ್ ಕೊಟ್ಟರು. "ಡೀಸೆಲ್ ಗಾಡಿ ಅಂದ್ರೆ ಹಾಗೇ ಸರ್."

ಹಾಗೇ ಅಂದಮೇಲೆ ಬ್ಯಾಟರಿ ಯಾಕೆ ಬದಲಾಯಿಸಿದಿರಿ? ಸೆಲ್ಫ್ ಹೊಡೆಯುವಾಗ ಹಳೆ ಬ್ಯಾಟರಿ 10 ವೋಲ್ಟ್‌ಗಿಂತ ಕೆಳಗೆ ಇಳಿದೇ ಇರಲಿಲ್ಲ, ನಾನೇ ನೋಡಿದ್ದೆ. ಹೊಸದು ಹಾಕಿದ ಮರುದಿನ ಅದೇ ಹೊಗೆ. ಆಮೇಲೆ ಡೀಸೆಲ್ ಫಿಲ್ಟರ್. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆ ಅಂದರು. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದರೆ ಬೆಳಿಗ್ಗೆ ಎಂಜಿನ್ ಬರೀ ತಿರುಗುತ್ತದೆ, ಹೊಗೆಯೇ ಬರುವುದಿಲ್ಲ. ನನ್ನದರಲ್ಲಿ ಸೆಲ್ಫ್ ಹೊಡೆಯುತ್ತಿರುವಾಗಲೇ ಬಿಳಿ ಹೊಗೆ ಬರುತ್ತದೆ. ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸುಡುತ್ತಿಲ್ಲ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಕೈ ಪಂಪ್ ಒತ್ತಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿ ಇತ್ತು. ಗಾಳಿ ಇದ್ದಿದ್ದರೆ ಮೆತ್ತಗೆ ಒಳಗೆ ಹೋಗಬೇಕಿತ್ತು.

ಬಿಸಿ ಅಳೆಯುವ ಸೆನ್ಸರ್ ಕೆಟ್ಟಿರಬಹುದು ಅಂತ ಅದನ್ನೂ ನೋಡಿದೆ. ರಾತ್ರಿಯಿಡೀ ನಿಂತ ಗಾಡಿಗೆ ಸ್ಕ್ಯಾನರ್ ಹಾಕಿದರೆ ಎಂಜಿನ್ ತಣಿಸುವ ಕೂಲೆಂಟ್‌ನ ಬಿಸಿಯೂ ಒಳಬರುವ ಗಾಳಿಯ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ ಸೆನ್ಸರ್ ಸುಳ್ಳು ಹೇಳಿ 60 ಡಿಗ್ರಿ ಇದೆ ಅಂದರೆ ಎಂಜಿನ್ ಕಂಪ್ಯೂಟರ್ ಪ್ಲಗ್‌ಗಳಿಗೆ ಸರಿಯಾಗಿ ಕರೆಂಟ್ ಕೊಡುವುದಿಲ್ಲ. ನನ್ನದರಲ್ಲಿ ಎರಡಕ್ಕೂ ಒಂದೇ ಡಿಗ್ರಿ ವ್ಯತ್ಯಾಸ. ಟೆಸ್ಟ್ ಲ್ಯಾಂಪ್ ಹಿಡಿದೆ, ಕೀ ತಿರುಗಿಸಿದ ಕೂಡಲೇ ಪ್ಲಗ್ ವೈರ್‌ಗೆ ಕರೆಂಟ್ ಬರುತ್ತಿದೆ. ಆ ಕರೆಂಟ್ ಬಿಡುವ ರಿಲೇ ಸರಿ ಇದೆ. ಇನ್ನೇನು ಉಳಿಯಿತು ಹೇಳಿ?

ಈಗ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ತೆಗೆಯಬೇಕಂತೆ. ಯಾಕೆ ಅಂದರೆ "ಅನುಭವ ಸರ್." ಇಂಜೆಕ್ಟರ್‌ನಿಂದ ಡೀಸೆಲ್ ಜಾಸ್ತಿ ವಾಪಸ್ ಹೋಗುತ್ತಿದ್ದರೆ ಸಾಮಾನ್ಯವಾಗಿ ಬಿಸಿ ಎಂಜಿನ್ನೇ ಮೊದಲು ಸತಾಯಿಸುತ್ತದೆ. ಬಿಸಿ ಡೀಸೆಲ್ ತೆಳ್ಳಗಿರುತ್ತದೆ, ಸಂದಿಯಲ್ಲಿ ಬೇಗ ಸೋರುತ್ತದೆ. ನನ್ನದು ಬಿಸಿಯಲ್ಲಿ ಅರ್ಧ ಸೆಕೆಂಡಿಗೆ ಹತ್ತುತ್ತದೆ, ಅವರೇ ಮೆರವಣಿಗೆ ಮಾಡಿ ತೋರಿಸಿದರಲ್ಲ! ಅನುಮಾನ ಇದ್ದರೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಯಾವುದರಿಂದ ಎಷ್ಟು ವಾಪಸ್ ಬರುತ್ತದೆ ಅಂತ ನೋಡಬಹುದು. ಅದನ್ನಾದರೂ ಮಾಡಿ ಅಂದೆ. ಕಂಪ್ರೆಷನ್, ಅಂದರೆ ಗಾಳಿ ಹಿಂಡುವ ಒತ್ತಡ, ಕುಗ್ಗಿದ್ದರೂ ಹೀಗೇ ಆಗಬಹುದು, ಗೇಜ್ ಹಾಕಿ ಅದನ್ನೂ ನೋಡಿ ಅಂದೆ. ನನ್ನದೇ ಸರಿ ಅಂತ ಹಠ ಇಲ್ಲ. ನೋಡಿ ಅಂದೆ, ಅಷ್ಟೇ. ನೋಡೋಕೆ ಏನು ಕಷ್ಟ?

ಇಲ್ಲಿ ಯಾರಾದರೂ ಮೆಕ್ಯಾನಿಕ್‌ಗಳಿದ್ದರೆ ದಯವಿಟ್ಟು ಉತ್ತರ ಕೊಡಿ. ಬಿಸಿ ಎಂಜಿನ್ ಸ್ಟಾರ್ಟ್ ಮಾಡಿ "ಸಮಸ್ಯೆ ಇಲ್ಲ" ಅನ್ನುವುದು ಯಾವ ಲೆಕ್ಕ? ಜ್ವರ ರಾತ್ರಿ ಬರುತ್ತದೆ ಅಂದವನನ್ನು ಮಧ್ಯಾಹ್ನ ಮುಟ್ಟಿ ನೋಡಿ ಮನೆಗೆ ಕಳಿಸುತ್ತೀರಾ? ಬೇರೆ ಯಾವ ಉತ್ತರವೂ ಬೇಡ, ಇದೊಂದಕ್ಕೆ ಹೇಳಿ. ಪರಿಚಯದವರೊಬ್ಬರು ಏರ್ ಇನ್‌ಟೇಕ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಸಾಕು ಅಂದರು. ದಯವಿಟ್ಟು ಯಾರೂ ಯಾರಿಗೂ ಆ ಸಲಹೆ ಕೊಡಬೇಡಿ. ಹೀಟರ್ ಪ್ಲಗ್ ಇರುವ ಎಂಜಿನ್‌ನಲ್ಲಿ ಆ ಸ್ಪ್ರೇಯಲ್ಲಿರುವ ಈಥರ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತದೆ. ಪಿಸ್ಟನ್ ಒಡೆಯಬಹುದು, ಮುಖಕ್ಕೇ ಬೆಂಕಿ ಬರಬಹುದು.

ಸಂಜೆಯಿಂದ ಯೋಚಿಸುತ್ತಾ ಕೂತಿದ್ದೇನೆ. ಅವರು ಪ್ಲಗ್ ಮುಟ್ಟಲು ಹೆದರುತ್ತಿದ್ದಾರೆ ಅಂತ ಕಾಣುತ್ತದೆ. ಹಳೆ ಪ್ಲಗ್ ಮಸಿ ಹಿಡಿದು ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನಲ್ಲಿ ಕಚ್ಚಿಕೊಂಡಿರುತ್ತದೆ. ಸ್ವಲ್ಪ ಜಾಸ್ತಿ ತಿರುಚಿದರೆ ಅಲ್ಲೇ ತುಂಡಾಗುತ್ತದೆ, ಕೆಲವೊಮ್ಮೆ ಹೆಡ್ಡೇ ಬಿಚ್ಚಬೇಕಾಗುತ್ತದೆ. ಆ ಭಯ ನ್ಯಾಯವಾದದ್ದು. ನಾನೂ ಅದೇ ಭಯಕ್ಕೆ ಕೈ ಹಾಕಿಲ್ಲ. ಎಂಜಿನ್ ಬಿಸಿ ಮಾಡಿ, ಸಂದಿಗೆ ಎಣ್ಣೆ ಬಿಟ್ಟು, ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದು, ಗಂಟೆಗಟ್ಟಲೆ ತಾಳ್ಮೆಯಿಂದ ಮಾಡುವ ಕೆಲಸ. "ಮುರೀಬಹುದು ಸರ್, ಭಯ ಇದೆ" ಅಂತ ಒಂದು ಮಾತು ಹೇಳಿದ್ದರೆ ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುತ್ತಿದ್ದೆ. ಅದನ್ನು ಬಿಟ್ಟು ನಾಲ್ಕು ಜನರ ಮುಂದೆ ನನಗೆ ಕೀ ತಿರುಗಿಸಲು ಬರುವುದಿಲ್ಲ ಅಂದರು.

ಇನ್ನು ಆ ಗ್ಯಾರೇಜಿನ ಮೆಟ್ಟಿಲು ಹತ್ತಲ್ಲ ಅಂತ ಬೆಳಿಗ್ಗೆ ಅಂದುಕೊಂಡೆ. ಮಧ್ಯಾಹ್ನವೂ ಅಂದುಕೊಂಡೆ. ಆದರೆ ಈ ಗಾಡಿಯ ಕ್ಲಚ್, ಸಸ್ಪೆನ್ಷನ್ ಎಲ್ಲಾ ಮಾಡಿದ್ದು ಅವರೇ, ಚೆನ್ನಾಗಿ ಮಾಡಿದ್ದಾರೆ. ಕೈ ಒಳ್ಳೆಯದು. ಕಿವಿ ಇಲ್ಲ, ಅಷ್ಟೇ. ಬೇರೆ ಕಡೆ ಹೋದರೆ ಮತ್ತೆ ಬ್ಯಾಟರಿಯಿಂದ ಶುರು ಮಾಡುತ್ತಾರೆ. ಬಿಡಿ, ಚಳಿ ಕಳೆದ ಮೇಲೆ ಹೇಗೋ ನಡೆಯುತ್ತದೆ ಅಂತಲೂ ಅನ್ನಿಸಿತು. ಇಲ್ಲ, ಬಿಡಲ್ಲ. ಯಾಕೆ ಬಿಡಬೇಕು?

ನಾಲ್ಕು ಹೊಸ ಪ್ಲಗ್ ತಂದಿಟ್ಟಿದ್ದೇನೆ. ಎರಡು ಸತ್ತಾಗ ಉಳಿದೆರಡೂ ಅದೇ ವಯಸ್ಸಿನವು. ನಾಳೆ ಸಂಜೆ ಗಾಡಿ ಮತ್ತೆ ಅಲ್ಲೇ ಬಿಡುತ್ತೇನೆ, ಬಾಗಿಲ ಹೊರಗೆ, ಯಾರ ದಾರಿಗೂ ಅಡ್ಡವಿಲ್ಲದ ಜಾಗದಲ್ಲಿ. ಈ ಸಲ ಚೀಟಿ ಅಂಟಿಸಲ್ಲ. ಕೀ ನನ್ನ ಜೇಬಿನಲ್ಲಿರುತ್ತದೆ.