ಹರಿಯುವ ನೀರಿಗೆ ಕಾಲಂ ಇಲ್ಲ

ನಮ್ಮ ಸರ್ಕಾರ ಎಷ್ಟು ದೊಡ್ಡ ಸಿರಿವಂತ ಎಂದು ತಿಳಿಯಬೇಕಾದರೆ ಬಜೆಟ್ ಓದಬೇಡಿ, ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣ ಓದಿ. ರಸ್ತೆ, ಓಣಿ, ಸೇತುವೆ, ಸಮುದ್ರದ ತಳ, ನದಿ, ಹಳ್ಳ, ನಾಲೆ, ಕೆರೆ, ಕಾಲುವೆ, ಸಾಲದ್ದಕ್ಕೆ ನಿಂತ ನೀರು ಮತ್ತು ಹರಿಯುವ ನೀರು, ಇವೆಲ್ಲವೂ ಬೇರೆ ಯಾರದಾದರೂ ಹಕ್ಕು ರುಜುವಾತಾಗದ ಹೊರತು ಸರ್ಕಾರದ ಸ್ವತ್ತು. ಅಂದಮೇಲೆ ಊರಾಚೆ ಹೊಂಗೆಮರಗಳ ಬುಡದಲ್ಲಿ ಮೊಣಕಾಲುದ್ದ ನೀರು ಹೊತ್ತು, ಯಾರ ಗೊಡವೆಗೂ ಹೋಗದೆ ಸಾಗುವ ಸಣ್ಣ ಹಳ್ಳವೂ ಸರ್ಕಾರದ್ದೇ. ಅದರೊಳಗಿನ ಏಡಿಗಳ ಬಗ್ಗೆ ಮಾತ್ರ ಪ್ರಕರಣ ಏನನ್ನೂ ಹೇಳುವುದಿಲ್ಲ.

ಇಷ್ಟು ಆಸ್ತಿಯಿರುವ ಮಾಲೀಕನಿಗೆ ಅದು ಎಲ್ಲೆಲ್ಲಿದೆ ಎಂಬುದಾದರೂ ಗೊತ್ತಿರಬೇಕಲ್ಲ? ಹಳೆಯ ಗ್ರಾಮ ನಕಾಶೆಯಲ್ಲಿ ಹಳ್ಳವೇನೋ ಇದೆ. ಅದನ್ನು ಗುರುತಿಸಿದ ಸರ್ವೆಯವನು ಸರಪಳಿ ಹಿಡಿದು ಬಿಸಿಲಿನಲ್ಲಿ ನಡೆದವನು; ಹಳ್ಳ ತಿರುಗಿದಲ್ಲಿ ಗೆರೆಯನ್ನೂ ತಿರುಗಿಸಿದ್ದಾನೆ. ಪಹಣಿಗೆ ಬರುವ ಹೊತ್ತಿಗೆ ಅದೇ ಹಳ್ಳ ಒಂದಷ್ಟು ಗುಂಟೆ 'ಬಿ ಖರಾಬು', ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ, ಕಂದಾಯವಿಲ್ಲದ ನೆಲ, ಆಗಿ, ಹೆಸರು ಕಳೆದುಕೊಂಡು, ಮೂಲೆಯ ಅಂಕಣದಲ್ಲಿ ಕುಳಿತಿರುತ್ತದೆ. 1966ರ ಭೂಕಂದಾಯ ನಿಯಮಗಳು ಈ ವರ್ಗದಲ್ಲಿ ಅದರ ಜೊತೆಗೆ ಸೇರಿಸಿರುವುದು ದಾರಿ, ಕೆರೆ ಮತ್ತು ಸ್ಮಶಾನಗಳನ್ನು. ಊರಿನವರೆಲ್ಲರಿಗೂ ಬೇಕಾದದ್ದು, ಆದರೆ ಯಾರೂ ತೆರಿಗೆ ಕಟ್ಟದ್ದು.

ಖರಾಬನ್ನು ಉಳಬಾರದು. ಆದರೆ ನೇಗಿಲಿಗೆ ಓದು ಬರುತ್ತಿರಲಿಲ್ಲ, ಟ್ರ್ಯಾಕ್ಟರಿಗೂ ಬರುವುದಿಲ್ಲ. ವರ್ಷಕ್ಕೊಂದು ಸಾಲು ಈ ದಂಡೆಯವನದು, ಒಂದು ಸಾಲು ಆ ದಂಡೆಯವನದು. ಅಜ್ಜನ ಕಾಲದಲ್ಲಿ ಎತ್ತು ಈಜಿ ದಾಟುತ್ತಿದ್ದ ಹಳ್ಳ ಅಪ್ಪನ ಕಾಲಕ್ಕೆ ಹಾರಿ ದಾಟುವಷ್ಟಾಗುತ್ತದೆ, ಮಗನ ಕಾಲಕ್ಕೆ ಅಲ್ಲಿ ಅಡಿಕೆ ಸಸಿ ನಿಂತಿರುತ್ತದೆ. ಆಮೇಲೊಂದು ವರ್ಷ ಮಳೆ ಮನಸ್ಸು ಮಾಡುತ್ತದೆ. ಹಳ್ಳ ಯಾವ ನೋಟಿಸನ್ನೂ ಕೊಡದೆ, ಯಾವ ನಕಾಶೆಯನ್ನೂ ನೋಡದೆ, ತನ್ನ ಹಳೆಯ ಪಾತ್ರಕ್ಕೆ ಮರಳುತ್ತದೆ. ಮರುದಿನ ಸುದ್ದಿ: 'ತೋಟಕ್ಕೆ ನುಗ್ಗಿದ ಹಳ್ಳದ ನೀರು'. ಮೂವತ್ತು ವರ್ಷದಿಂದ ತೋಟ ಹಳ್ಳಕ್ಕೆ ನುಗ್ಗುತ್ತಿದ್ದದ್ದು ಯಾರಿಗೂ ಸುದ್ದಿಯಾಗಿರಲಿಲ್ಲ. ಪರಿಹಾರದ ಅರ್ಜಿ ತುಂಬುವಾಗ, ಮುಳುಗಿದ ಜಾಗದ ಸರ್ವೆ ನಂಬರು ಬರೆಯುವಲ್ಲಿ ಮಾತ್ರ ಪೆನ್ನು ಸ್ವಲ್ಪ ತಡೆಯುತ್ತದೆ.

ನೆರೆ ನೋಡಲು ಜನಪ್ರತಿನಿಧಿಗಳು ಬರುತ್ತಾರೆ. ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು 'ಶಾಶ್ವತ ಪರಿಹಾರ' ಘೋಷಿಸುತ್ತಾರೆ. ಶಾಶ್ವತ ಪರಿಹಾರವೆಂದರೆ ಏನೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತು: ಎರಡೂ ಬದಿಗೆ ತಡೆಗೋಡೆ, ಅನುದಾನ ಉಳಿದರೆ ತಳಕ್ಕೂ ಕಾಂಕ್ರೀಟು. ಕಾಮಗಾರಿಯ ಹೆಸರು 'ಹಳ್ಳದ ಸಮಗ್ರ ಅಭಿವೃದ್ಧಿ'.

ಅಂದಾಜುಪಟ್ಟಿ ಬರೆಯುವವರಿಗೆ ಹಳ್ಳದ ಮೇಲಿರುವ ಮೊದಲ ಸಿಟ್ಟೆಂದರೆ ಅದು ನೆಟ್ಟಗಿಲ್ಲ. ಅಂಕುಡೊಂಕಾಗಿ ಹರಿಯುವುದು ಅವರ ದೃಷ್ಟಿಯಲ್ಲಿ ಕರ್ತವ್ಯಲೋಪ. ಅದಕ್ಕೆ ಕಾರಣವಿದೆ ಎಂದು ವಿವರಿಸಲು ಹೋದರೆ, ಗುಣಿಸಲು ಕಷ್ಟವಾಗುತ್ತದೆ ಎನ್ನುತ್ತಾರೆ. ತಿರುವಿನ ಹೊರಬದಿಯಲ್ಲಿ ನೀರು ರಭಸದಿಂದ ಕೊರೆದು ಮಡು ಮಾಡುತ್ತದೆ. ಒಳಬದಿಯಲ್ಲಿ ನಿಧಾನಿಸಿ, ಹೊತ್ತು ತಂದ ಮರಳನ್ನು ಇಳಿಸುತ್ತದೆ. ಎರಡು ಮಡುಗಳ ನಡುವೆ ಕಲ್ಲುಗಳ ಮೇಲೆ ತೆಳ್ಳಗೆ, ಸದ್ದು ಮಾಡುತ್ತ ಸಾಗುತ್ತದೆ. ನೀರಿಗೆ ಗಾಳಿ ಬೆರೆಯುವುದು ಅಲ್ಲಿಯೇ. ಹಳ್ಳದ ಅಗಲದ 5ರಿಂದ 7 ಪಟ್ಟು ದೂರಕ್ಕೊಂದು ಮಡು ಬರುತ್ತದೆ ಎಂಬುದು ಭೂರೂಪಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡ ಸರಾಸರಿ. ಟೆಂಡರ್ ಕರೆಯದೆ, ಕನ್ಸಲ್ಟೆಂಟ್ ಇಲ್ಲದೆ, ಇಷ್ಟು ಅಳತೆಗೆ ಸರಿಯಾಗಿ ಕೆಲಸ ಮಾಡಿದ ಇನ್ನೊಂದು ಕಾಮಗಾರಿಯನ್ನು ತೋರಿಸಿ ನೋಡೋಣ.

ಬೇಸಿಗೆಯಲ್ಲಿ ಹರಿವು ನಿಂತಾಗ ಮೀನುಗಳು ಜೀವ ಹಿಡಿದುಕೊಂಡಿರುವುದು ಆ ಮಡುಗಳಲ್ಲಿ. ಕಲ್ಲಿನಡಿಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತ ಕುಳಿತಿರುತ್ತವೆ. ಈ ಸೇವೆಗಾಗಿ ಅವು ಆರೋಗ್ಯ ಇಲಾಖೆಗೆ ಈವರೆಗೆ ಒಂದು ಬಿಲ್ಲನ್ನೂ ಕಳಿಸಿಲ್ಲ. ದಂಡೆಯ ಮೇಲೆ ಮಿಂಚುಳ್ಳಿಗೆ ಕೂರಲು ಒಣಕೊಂಬೆ ಬೇಕು, ಗೂಡು ತೋಡಲು ಮಣ್ಣಿನ ಕಡಿದಾದ ಗೋಡೆ ಬೇಕು. ಲಕ್ಕಿ, ಕೇದಿಗೆ, ಹೊಳೆಮತ್ತಿಗಳ ಬೇರುಗಳು ಆ ಮಣ್ಣನ್ನು ಹಿಡಿದುಕೊಂಡಿರುತ್ತವೆ. ಅಂದರೆ ತಡೆಗೋಡೆ ಅಲ್ಲಿ ಮೊದಲೇ ಇತ್ತು. ಅದರ ದೋಷ ಒಂದೇ, ಅದಕ್ಕೆ ಅಳತೆ ಪುಸ್ತಕದಲ್ಲಿ ಬರೆಯುವಂಥ ಮೊತ್ತವಿರಲಿಲ್ಲ.

ಜೆಸಿಬಿ ಬಂದ ಮೊದಲ ದಿನ ಲಕ್ಕಿ ಮತ್ತು ಕೇದಿಗೆ ಹೋಗುತ್ತವೆ, ಮರುದಿನ ಹೊಂಗೆ, ಹೊಳೆಮತ್ತಿ. ಮಡುಗಳಿಗೆ ಮಣ್ಣು ತುಂಬಿ ತಳ ಸಮ ಮಾಡಲಾಗುತ್ತದೆ. ಎಲ್ಲ ಮುಗಿದ ಮೇಲೆ 'ಹಸಿರೀಕರಣ' ಎಂಬ ಪ್ರತ್ಯೇಕ ಬಾಬತ್ತಿನಲ್ಲಿ ನರ್ಸರಿಯಿಂದ ಗಿಡ ತಂದು ನೆಡಲಾಗುತ್ತದೆ. ಯಾವ ಗಿಡ? ಹೊಂಗೆ.

ಬೇಸಿಗೆಯಲ್ಲಿ ಹಳ್ಳದಲ್ಲಿ ಕಾಣುವ ನೀರು ಆಕಾಶದ್ದಲ್ಲ. ಸುತ್ತಲಿನ ನೆಲದೊಳಗಿಂದ ಜಿನುಗಿ ಬರುವ ಅಂತರ್ಜಲ. ತಳಕ್ಕೂ ಬದಿಗೂ ಕಾಂಕ್ರೀಟ್ ಹಾಕಿದ ಮೇಲೆ ನೆಲಕ್ಕೂ ಹಳ್ಳಕ್ಕೂ ಮಾತುಕತೆ ಮುರಿದು ಬೀಳುತ್ತದೆ. ಮಳೆಗಾಲದಲ್ಲಿ ಇಂಗಬೇಕಾದದ್ದು ಇಂಗುವುದಿಲ್ಲ, ಬೇಸಿಗೆಯಲ್ಲಿ ಜಿನುಗಬೇಕಾದದ್ದು ಜಿನುಗುವುದಿಲ್ಲ. ನೀರು ಮಾತ್ರ ಹಿಂದೆಂದೂ ಇಲ್ಲದ ವೇಗದಲ್ಲಿ ಕೆಳಗಿನ ಊರಿಗೆ ಓಡುತ್ತದೆ. ನೆರೆ ನಿವಾರಣೆಯಾಯಿತು ಎಂದು ಮೇಲಿನ ಊರಿನಲ್ಲಿ ಸನ್ಮಾನ ನಡೆಯುವಾಗ ಕೆಳಗಿನ ಊರಿನಲ್ಲಿ ಜಾನುವಾರು ಬಿಚ್ಚಿ ಓಡಿಸುತ್ತಿರುತ್ತಾರೆ. ನೆರೆ ಹೋಗಿಲ್ಲ, ವರ್ಗಾವಣೆಯಾಗಿದೆ. ಆ ಊರಿನವರೂ ಶಾಶ್ವತ ಪರಿಹಾರ ಕೇಳುತ್ತಾರೆ, ಅಲ್ಲಿಗೂ ಗೋಡೆ. ಹೀಗೆ ಸಮುದ್ರ ಸಿಗುವವರೆಗೂ ಗುತ್ತಿಗೆದಾರರಿಗೆ ಕೆಲಸಕ್ಕೆ ಕೊರತೆಯಿಲ್ಲ. ಹಳ್ಳ ಹಿಡಿದ ಯೋಜನೆಗಳ ಬಗ್ಗೆ ಸದನದಲ್ಲಿ ಗದ್ದಲವಾಗುತ್ತದೆ. ಹಳ್ಳವನ್ನೇ ಹಿಡಿದ ಯೋಜನೆಗಳಿಗೆ ಉದ್ಘಾಟನೆಯಾಗುತ್ತದೆ.

ಹಾಗೆಂದು ಹಳ್ಳಗಳ ವೈಜ್ಞಾನಿಕ ತಿಳಿವಳಿಕೆ ಸರ್ಕಾರಕ್ಕಿಲ್ಲ ಎಂದರೆ ಅನ್ಯಾಯವಾದೀತು. ಒರತೆಯಿಂದ ಆಗಷ್ಟೇ ಹೊರಟ, ಇನ್ನೊಂದು ಹಳ್ಳ ಬಂದು ಸೇರದ ಎಳೆಯ ಹಳ್ಳ ಒಂದನೇ ಶ್ರೇಣಿಯದು. ಅಂಥ ಎರಡು ಕೂಡಿದರೆ ಎರಡನೇ ಶ್ರೇಣಿ, ಎರಡನೇ ಶ್ರೇಣಿಯ ಎರಡು ಕೂಡಿದರೆ ಮೂರನೆಯದು. ಅಮೆರಿಕದ ಆರ್ಥರ್ ಸ್ಟ್ರಾಲರ್ 1950ರ ದಶಕದಲ್ಲಿ ರೂಪಿಸಿದ ಈ ಲೆಕ್ಕದಿಂದ ಒಂದು ದೊಡ್ಡ ಸತ್ಯ ಕಾಣುತ್ತದೆ: ಯಾವ ನದಿಯ ಜಾಲವನ್ನು ಅಳೆದರೂ ಅದರ ಉದ್ದದ ಬಹುಪಾಲು ಇರುವುದು ಹೆಸರೂ ಇಲ್ಲದ ಈ ಮೊದಲೆರಡು ಶ್ರೇಣಿಯ ಹಳ್ಳಗಳಲ್ಲಿ. ನದಿ ಎಂದು ನಾವು ಕೈ ಮುಗಿಯುವುದು ಅವುಗಳ ಒಟ್ಟು ಮೊತ್ತಕ್ಕೆ. ಈ ಶ್ರೇಣಿಗಳನ್ನು ನಮ್ಮ ಆಡಳಿತ ಮನಸ್ಸಿಟ್ಟು ಓದಿದೆ. ಎಲ್ಲಿ? 2020ರ ಮರಳು ನೀತಿಯಲ್ಲಿ. 1, 2, 3ನೇ ಶ್ರೇಣಿಯ ಹಳ್ಳಗಳ ಮರಳು ಗ್ರಾಮ ಪಂಚಾಯಿತಿಗೆ, 4ನೇ ಶ್ರೇಣಿಯಿಂದ ಮೇಲಿನದು ಸರ್ಕಾರಿ ಕಂಪನಿಗಳಿಗೆ. ಅವುಗಳಲ್ಲಿ ಒಂದು ಹಟ್ಟಿ ಚಿನ್ನದ ಗಣಿ ಕಂಪನಿ. ಚಿನ್ನ ತೆಗೆಯುವವರನ್ನು ಮರಳಿಗೆ ಹಚ್ಚಿದ್ದರಲ್ಲಿ ತಪ್ಪು ಹುಡುಕಬೇಡಿ, ಮನೆ ಕಟ್ಟಿಸುವವರಿಗೆ ಎರಡರ ಬೆಲೆಯಲ್ಲಿ ಅಂಥ ವ್ಯತ್ಯಾಸ ಈಗ ಕಾಣುವುದಿಲ್ಲ. ಮರಳಿನ ಸಂದುಗಳಲ್ಲಿ ನೀರು ನಿಂತು ದಂಡೆಯ ಬಾವಿಗಳನ್ನು ಬದುಕಿಸುತ್ತದೆ ಎಂಬ ಸಂಗತಿ ಮಾತ್ರ ಯಾವ ಶ್ರೇಣಿಗೂ ಸೇರದೆ ಹೊರಗುಳಿಯಿತು.

ಕರಾವಳಿಯವರು ತೋಡು ಎನ್ನುವ ಹಳ್ಳಗಳ ಕಥೆ ಇಷ್ಟು ಉದ್ದವಿಲ್ಲ. ಅಲ್ಲಿ ಮಳೆ ಮುಗಿದ ಮೇಲೆ ಊರವರೇ ಸೇರಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿ ಹೋಗುತ್ತಿತ್ತು, ಹೋಗಬೇಕೆಂದೇ ಹಾಗೆ ಕಟ್ಟುತ್ತಿದ್ದದ್ದು. ಈಗ ಕಿಂಡಿ ಅಣೆಕಟ್ಟುಗಳಿವೆ, ಒಳ್ಳೆಯ ಕಲ್ಪನೆಯೇ. ಕಿಂಡಿಗೆ ಹಲಗೆ ಹಾಕಿದರೆ ನೀರು ನಿಲ್ಲುತ್ತದೆ. ಹಲಗೆ ಯಾರು ಹಾಕಬೇಕು ಎಂಬ ಪತ್ರವ್ಯವಹಾರ ಮುಗಿಯುವ ಹೊತ್ತಿಗೆ ತೋಡಿನಲ್ಲಿ ನಿಲ್ಲಿಸಲು ನೀರಿರುವುದಿಲ್ಲ.

ಹಳ್ಳಕ್ಕೆ ನಿಜವಾದ ಯೋಗ ಕೂಡಿಬರುವುದು ಅದು ಬಂದ ದಿಕ್ಕಿಗೇ ಹಿಂದಿರುಗಲು ಒಪ್ಪಿದಾಗ. ಸಕಲೇಶಪುರದ ಕಡೆಯ ಎತ್ತಿನಹೊಳೆಯನ್ನೇ ನೋಡಿ. ಗುಂಡ್ಯ ಹೊಳೆ, ಕುಮಾರಧಾರಾ, ನೇತ್ರಾವತಿ ಎಂದು ಪಶ್ಚಿಮಕ್ಕೆ ಇಳಿದು ಸಮುದ್ರ ಸೇರುತ್ತಿದ್ದಷ್ಟು ಕಾಲ ರಾಜಧಾನಿಯಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಅದನ್ನೂ ಅಕ್ಕಪಕ್ಕದ ಹಳ್ಳಗಳನ್ನೂ ಘಟ್ಟದ ಮೇಲೆತ್ತಿ ಪೂರ್ವಕ್ಕೆ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಹರಿಸುವುದೆಂದು ತೀರ್ಮಾನವಾದ ಕೂಡಲೇ ಅದು ವಿಧಾನಸೌಧದ ಮಾತಾಯಿತು. ಅವು ಕೊಡಬೇಕಾದ ನೀರು 24.01 ಟಿಎಂಸಿ (ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ). ದಶಾಂಶದ ಆಚೆಗಿನ ಆ ಪುಟ್ಟ ಅಂಕಿಯೆಂದರೆ 1 ಕೋಟಿ ಘನ ಅಡಿ; ಕಾಡಿನ ಹಳ್ಳಗಳ ನೀರನ್ನು ಅಷ್ಟು ನಿಖರವಾಗಿ ಅಳೆದ ಮಹನೀಯರಿಗೆ ನಮಸ್ಕಾರ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿ ಸಿಗುವುದು 9.55 ಟಿಎಂಸಿ ಎಂದಿತು. ಅದರಲ್ಲೂ ದಶಾಂಶವಿತ್ತು, ಆದರೆ ಬೇಕಾದ ದಶಾಂಶವಿರಲಿಲ್ಲ. ಯೋಜನೆಯ ವೆಚ್ಚ 2012ರಲ್ಲಿ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. 24.01 ಕದಲಲಿಲ್ಲ, ಮಳೆಗಾಲ ಬೇಸಿಗೆಯೆನ್ನದೆ ಬತ್ತದೆ ಹರಿದದ್ದು ವೆಚ್ಚ. 2024ರ ಸೆಪ್ಟೆಂಬರ್ 6ರಂದು, ಗಣೇಶನ ಹಬ್ಬದ ಮುಂಚಿನ ದಿನದ ಗಡಿಬಿಡಿಯಲ್ಲಿ ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು.

ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ, ಅದನ್ನು ಗೇಲಿ ಮಾಡುವವನು ನಾನಲ್ಲ. ಆದರೆ ಆ ಜಿಲ್ಲೆಗಳ ಕೆರೆಗಳಿಗೆ ಒಂದು ಕಾಲದಲ್ಲಿ ನೀರು ತರುತ್ತಿದ್ದದ್ದೂ ಹಳ್ಳಗಳೇ ತಾನೆ? ಒತ್ತುವರಿಯಾಗಿ, ಹೂಳು ತುಂಬಿ, ಮೇಲ್ಭಾಗದಲ್ಲಿ ನೀಲಗಿರಿ ತೋಪೆದ್ದು ಅವು ಮರೆಯಾದವು. ಹತ್ತಿರದ ಹಳ್ಳ ಬಿಡಿಸಲು ಒಬ್ಬ ಸರ್ವೆಯರ್ ಸಾಕು, ದೂರದ ಹಳ್ಳ ತರಲು ಸಾವಿರಾರು ಕೋಟಿ ಬೇಕು. ಯಾವುದು ಅಭಿವೃದ್ಧಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಣತಿಯ ವಿಚಾರ. ದೇಶದ ಮೊದಲ ಜಲಮೂಲಗಳ ಗಣತಿಯ ವರದಿಯನ್ನು ಜಲಶಕ್ತಿ ಸಚಿವಾಲಯ 2023ರಲ್ಲಿ ಹೊರತಂದಿತು. ಒಟ್ಟು 24,24,540 ಜಲಮೂಲಗಳು, ಶೇ. 97.1ರಷ್ಟು ಗ್ರಾಮೀಣ ಭಾಗದಲ್ಲಿ. ಹಾಗಾದರೆ ನಮ್ಮ ಹಳ್ಳವೂ ಅದರಲ್ಲಿದೆ ಎಂದುಕೊಂಡರೆ ತಪ್ಪು. ಏನನ್ನು ಎಣಿಸಬಾರದು ಎಂಬ ಪಟ್ಟಿಯೂ ಗಣತಿಗಿದೆ. ಸಮುದ್ರವನ್ನು ಎಣಿಸಬಾರದು, ಸರಿ. ಈಜುಕೊಳವನ್ನು ಎಣಿಸಬಾರದು. ಇಟ್ಟಿಗೆಗೂಡಿಗಾಗಿ ತೋಡಿದ ಗುಂಡಿಯಲ್ಲಿ ನಿಂತ ನೀರನ್ನು ಎಣಿಸಬಾರದು. ದನಗಳು ಕುಡಿಯಲೆಂದು ಕಟ್ಟಿದ ತೊಟ್ಟಿಯನ್ನು ಎಣಿಸಬಾರದು. ಇವುಗಳ ಸಾಲಿನಲ್ಲಿಯೇ ನದಿ, ಹಳ್ಳ, ಒರತೆ, ಜಲಪಾತಗಳೂ ಇವೆ. ಅವು ತಡೆಯಿಲ್ಲದೆ ಹರಿಯುತ್ತವೆ ಎಂಬುದೇ ಕಾರಣ.

ಹಳ್ಳ ಗಣತಿಗೆ ಸೇರಲು ದಾರಿಯೇ ಇಲ್ಲವೆಂದಲ್ಲ. ಅಡ್ಡಲಾಗಿ ಒಂದು ಚೆಕ್ ಡ್ಯಾಂ ಕಟ್ಟಿದರೆ ಆ ಕ್ಷಣದಿಂದ ಅದು ಜಲಮೂಲ. ಹರಿದರೆ ಇಲ್ಲ, ನಿಂತರೆ ಉಂಟು. ಇನ್ನೂ ದೊಡ್ಡ ಮರ್ಯಾದೆ ಬೇಕೆಂದರೆ ಕನಿಷ್ಠ 1 ಎಕರೆಗೆ ಹರಡಿಕೊಂಡು, 10,000 ಘನ ಮೀಟರ್ ನೀರು ತುಂಬಿಕೊಂಡು, ಜಿಲ್ಲೆಗೆ 75ರಂತೆ 2022ರಲ್ಲಿ ಘೋಷಿಸಿದ ಅಮೃತ ಸರೋವರಗಳಲ್ಲಿ ಒಂದಾಗಬಹುದು. ನಾಮಫಲಕ ಮತ್ತು ಧ್ವಜಕಂಬ ಎರಡೂ ಸಿಗುತ್ತವೆ. ಹಳ್ಳಕ್ಕೆ ಇಷ್ಟೊಂದು ಅವಕಾಶಗಳಿದ್ದೂ ಅದು ಹಟ ಹಿಡಿದು ಹರಿಯುತ್ತಿದ್ದರೆ ಸರ್ಕಾರವನ್ನು ದೂರಿ ಫಲವೇನು?

ನದಿಯ ಮೂಲ, ಋಷಿಯ ಮೂಲ ಕೇಳಬಾರದು ಎಂಬ ಗಾದೆಯನ್ನು ನಮ್ಮ ಇಲಾಖೆಗಳು ಈವರೆಗೆ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದವು. ಈಗ ಅದನ್ನೂ ಮುರಿದಾಗಿದೆ. ಜಲಮೂಲಗಳ ಎರಡನೇ ಗಣತಿಯ ಜೊತೆಗೆ ಒರತೆಗಳ ಮೊದಲ ಗಣತಿಯನ್ನೂ ಕೈಗೆತ್ತಿಕೊಳ್ಳಲಾಗಿದೆ. ಸಂತೋಷ. ನೀರು ಹೊರಡುವ ಒರತೆ ಇನ್ನು ಮುಂದೆ ಲೆಕ್ಕದಲ್ಲಿರುತ್ತದೆ, ಅದು ತಲುಪುವ ಕೆರೆ ಮೊದಲಿನಿಂದಲೂ ಲೆಕ್ಕದಲ್ಲಿದೆ. ನಡುವಿನ ದಾರಿಯನ್ನು ನೀರು ಹೇಗೆ ಕ್ರಮಿಸಿತು ಎಂದು ಯಾರಾದರೂ ಕೇಳಿದರೆ, ಸದ್ಯಕ್ಕೆ 'ಟ್ಯಾಂಕರ್ ಮೂಲಕ' ಎಂದು ನಮೂದಿಸಿಕೊಳ್ಳಬಹುದು.