ಸುರಂಗ ಸುಲಭ, ಇಳಿಜಾರು ಕಷ್ಟ

ಬೆಂಗಳೂರಲ್ಲಿ ಟ್ರಾಫಿಕ್ ಬಗ್ಗೆ ಮಾತು ಶುರುವಾದ್ರೆ ಸಾಕು, ಸ್ವಲ್ಪ ಹೊತ್ತಿಗೆ ಯಾರಾದ್ರೂ ಒಬ್ರು "ಎಲ್ಲಾ ಅಂಡರ್‌ಗ್ರೌಂಡ್ ಮಾಡ್ಬಿಡ್ಬೇಕು ಕಣ್ರೀ, ಇನ್ನೇನಿಲ್ಲ" ಅಂತ ತೀರ್ಪು ಕೊಟ್ಬಿಡ್ತಾರೆ. ಮದುವೆ ಊಟದ ಪಂಕ್ತಿ, ಆಟೋ, ಕಟಿಂಗ್ ಶಾಪ್, ಎಲ್ಲಾ ಕಡೆ ಇದೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಅನ್ನೋ ಪ್ಲಾನ್ ಪೇಪರಲ್ಲಿ ಬಂದ ಮೇಲಂತೂ ಪರ ವಿರೋಧ ಎರಡೂ ಕಡೆಯವ್ರು ಸುರಂಗದ ಬಗ್ಗೆನೇ ಜಗಳ ಆಡ್ತಾರೆ. ನಂಗೆ ಮಾತ್ರ ಬಾಯಿ ತುದಿಗೆ ಬರೋದು ಒಂದೇ ಪ್ರಶ್ನೆ: ಆಯ್ತು ಸ್ವಾಮಿ, ಇಳಿಯೋದೆಲ್ಲಿ, ಹತ್ತೋದೆಲ್ಲಿ?

ಈ ಬುದ್ಧಿ ಬಂದಿದ್ದು ಇಂಜಿನಿಯರಿಂಗ್ ಓದಿ ಅಲ್ಲ, ಸಿಮ್ಯುಟ್ರಾನ್ಸ್ ಅಂತ ಒಂದು ಗೇಮ್ ಆಡಿ. ಹನ್ಸ್‌ಯೋರ್ಗ್ ಮಾಲ್ಟಾನರ್ ಅನ್ನೋರು 1997ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಫ್ರೀ, ನೋಡಕ್ಕೆ ನಮ್ಮ ಕಾಲೇಜ್ ದಿನದ ಕಂಪ್ಯೂಟರ್ ಗೇಮ್ ತರನೇ ಇದೆ, ಊರುಗಳು, ಕಲ್ಲಿದ್ದಲು ಗಣಿ, ಅವುಗಳ ಮಧ್ಯೆ ನೀವು ರೈಲು ಬಸ್ಸು ಓಡಿಸಿ ದುಡ್ಡು ಮಾಡ್ಬೇಕು ಅಷ್ಟೇ. ಇದೇ ಜಾತಿಯ ಓಪನ್‌ಟಿಟಿಡಿ ಅಂತ ಇನ್ನೊಂದಿದೆ, 1990ರ ದಶಕದ ಟ್ರಾನ್ಸ್‌ಪೋರ್ಟ್ ಟೈಕೂನ್ ವಂಶದ್ದು. ಅದೂ ಚೆನ್ನಾಗಿದೆ, ಆದ್ರೆ ಅದ್ರಲ್ಲಿ ಸುರಂಗ ಅಂದ್ರೆ ಗುಡ್ಡದ ಮಗ್ಗುಲಲ್ಲಿ ಕ್ಲಿಕ್ ಮಾಡಿದ್ರೆ ನೇರವಾಗಿ ಹೋಗಿ ಅದೇ ಎತ್ತರದಲ್ಲಿ ಆ ಕಡೆ ಎದ್ದೇಳೋದು. ಒಳಗೆ ತಿರುವಿಲ್ಲ, ಇಳಿತ ಇಲ್ಲ. ಕೆಲಸ ಆಗುತ್ತೆ ನಿಜ, ಆದ್ರೆ ಸುಖ ಇಲ್ಲ.

ಸಿಮ್ಯುಟ್ರಾನ್ಸಲ್ಲಿ ಸುಖ ಇದೆ. ಅದ್ರಲ್ಲೂ ಸುರಂಗದ ಮೊದಲ ಬಾಯಿಗೆ ಒಂದು ಗುಡ್ಡದ ಮಗ್ಗುಲು ಬೇಕೇ ಬೇಕು, ಸಪಾಟಾಗಿದ್ರೆ ನಾವೇ ಮಣ್ಣು ಕೆತ್ತಿ ಇಳಿಜಾರು ಮಾಡ್ಕೋಬೇಕು. ಸುಮ್ನೆ ಕ್ಲಿಕ್ ಮಾಡಿದ್ರೆ ಅದೂ ಸೀದಾ ಆ ಕಡೆಗೇ ಹೊಡ್ಕೊಂಡು ಹೋಗುತ್ತೆ, ಆದ್ರೆ ಕಂಟ್ರೋಲ್ ಒತ್ತಿಕೊಂಡು ಕ್ಲಿಕ್ ಮಾಡಿದ್ರೆ ಬರೀ ಬಾಯಿ ಮಾತ್ರ ಬರುತ್ತೆ. ಆಮೇಲೆ ನೆಲದಡಿ ನೋಡೋ ಮೋಡ್ ಹಾಕ್ಬೇಕು. ಹಾಕಿದ ತಕ್ಷಣ ಮನೆ ಮಠ ಮರ ಎಲ್ಲಾ ಮಾಯ, ಸುರಂಗದ ಟೈಲ್‌ಗಳು, ಅಂದ್ರೆ ಮ್ಯಾಪಿನ ಚೌಕಗಳು, ಅವು ಮಾತ್ರ ಕಾಣ್ತವೆ. ಅಲ್ಲಿಂದ ಒಂದೊಂದೇ ಟೈಲ್ ಅಗೀತಾ ಹೋಗೋದು, ಬೇಕಾದ ಕಡೆ ತಿರುಗಿಸ್ಬೋದು. ಇಳೀಬೇಕು ಅಂದ್ರೆ ಸುರಂಗದ ಕಡೇ ಟೈಲ್, ಅಂದ್ರೆ ಮುಂದೆ ಇನ್ನೂ ಏನೂ ಅಗೆಯದೆ ಇರೋ ತುದಿ, ಅದರ ಮೇಲೆ ಇಳಿಜಾರಿನ ಟೂಲ್ ಇಡ್ಬೇಕು, ಟೈಲ್ ಓರೆಯಾಗುತ್ತೆ, ಮುಂದಿನ ಟೈಲ್ ಒಂದು ಮೆಟ್ಟಿಲು ಕೆಳಗಿಂದ ಶುರು. ತಿರುವಲ್ಲಿ ಆಗಲ್ಲ, ಮಧ್ಯದಲ್ಲಿ ಆಗಲ್ಲ, ತುದೀಲೇ ಆಗ್ಬೇಕು. ಹಿಂಗೆ ಇಳೀತಾ ಇಳೀತಾ ಇನ್ನೊಂದು ಲೈನಿನ ಕೆಳಗೆ ನುಸುಳಿ ಆ ಕಡೆ ಹೋಗ್ಬೋದು, ಆ ನುಸುಳೋ ಗಳಿಗೆ ಇದೆಯಲ್ಲಾ, ಅದಕ್ಕೇ ರಾತ್ರಿ ನಿದ್ದೆ ಬಿಡೋದು.

ತಮಾಷೆ ಏನಂದ್ರೆ ಆಳ ಹೋಗೋದು ಕಷ್ಟವೇ ಅಲ್ಲ, ಆಳ ಹೋಗಕ್ಕೆ ಉದ್ದ ಬೇಕಲ್ಲ ಅದು ಕಷ್ಟ. ಸ್ಟೇಷನ್ ಇಳಿಜಾರಲ್ಲಿ ಕೂರಲ್ಲ, ಅದಕ್ಕೆ ಸಪಾಟು ಬೇಕು. ಊರ ಮಧ್ಯ ಸ್ಟೇಷನ್ ಬೇಕು ಅಂದ್ರೆ ಊರಾಚೆಯಿಂದಲೇ ಇಳಿಯಕ್ಕೆ ಶುರು ಮಾಡಿರ್ಬೇಕು. ಗೇಮಲ್ಲಾದ್ರೆ ಒಂದು ಟೈಲಿಗೆ ಒಂದು ಮೆಟ್ಟಿಲು, ದಾರಾಳ. ನಿಜವಾದ ಮೆಟ್ರೋಗೆ ಹಂಗಲ್ಲ, ಸಾಮಾನ್ಯವಾಗಿ ನೂರು ಮೀಟರಿಗೆ ಮೂರೋ ನಾಲ್ಕೋ ಮೀಟರ್ ಇಳಿದ್ರೆ ಹೆಚ್ಚು. ಹತ್ತು ಮೀಟರ್ ಎತ್ತರದ ಸೇತುವೆಯಿಂದ ಹದಿನೈದು ಮೀಟರ್ ಆಳಕ್ಕೆ ಅಂತ ಸುಮ್ನೆ ಲೆಕ್ಕಕ್ಕೆ ಹಿಡೀರಿ, 4%ನಲ್ಲಿ ಇಳಿದ್ರೂ 625 ಮೀಟರ್ ಬೇಕು. ಅಷ್ಟುದ್ದದಲ್ಲಿ ಒಂದು ಭಾಗ ಮೇಲೂ ಅಲ್ಲ ಕೆಳಗೂ ಅಲ್ಲ, ಸರಿಯಾಗಿ ನಮ್ಮ ನಿಮ್ಮ ರಸ್ತೆ ಮಟ್ಟದಲ್ಲೇ ಇರುತ್ತೆ, ಅದನ್ನ ದಾಟಕ್ಕೂ ಆಗಲ್ಲ.

ನೋಡ್ಬೇಕಾದ್ರೆ ನಮ್ಮ ಮೆಟ್ರೋದ ಪರ್ಪಲ್ ಲೈನಲ್ಲಿ ಎಂ.ಜಿ. ರೋಡ್ ಬಿಟ್ಟ ಮೇಲೆ ಕಿಟಕಿ ಕಡೆ ನಿಂತ್ಕೊಳ್ಳಿ. ಮೊದಲು ಮರಗಳ ತಲೆ, ಆಮೇಲೆ ಚಿನ್ನಸ್ವಾಮಿ ಸ್ಟೇಡಿಯಂ ಕಡೆ ಬರ್ತಿದ್ದಂಗೆ ರಸ್ತೆ ಮೇಲೆದ್ದು ಬಂದಂಗೆ ಅನ್ಸುತ್ತೆ, ಸ್ಕೂಟರಿನವನ ಹೆಲ್ಮೆಟ್ಟು ಕಣ್ಣ ಮಟ್ಟಕ್ಕೆ ಬರುತ್ತೆ, ಪಕ್ಕದಲ್ಲಿ ಕಾಂಕ್ರೀಟ್ ಗೋಡೆ ಏರ್ತಾ ಏರ್ತಾ ಗಾಜು ಕಪ್ಪಾಗಿ ನಮ್ಮ ಮುಖ ನಮಗೇ ಕಾಣುತ್ತೆ, ಮುಂದಿನ ಸ್ಟೇಷನ್ ಕಬ್ಬನ್ ಪಾರ್ಕ್. ಎಲ್ರೂ ಮೊಬೈಲ್ ನೋಡ್ತಿರ್ತಾರೆ. ಈ ಲೈನಿನ ನೆಲದಡಿ ಭಾಗ 2016ರಲ್ಲಿ ಶುರುವಾದಾಗ ಪೇಪರಿನವ್ರು ಸುರಂಗ ಕೊರೆಯೋ ಮಷಿನ್‌ಗಳ ಹೆಸರು ಹಾಕಿ ಫೋಟೋ ಸಮೇತ ಬರೆದ್ರು, ಹೆಲೆನ್, ಮಾರ್ಗರಿಟಾ ಅಂತ. ಈ ಇಳಿಜಾರಿಗೆ ಒಂದು ಹೆಸರಾದ್ರೂ ಇಟ್ಟಿದ್ರೆ ನಂಗೆ ಸಮಾಧಾನ ಆಗಿರೋದು.

ಪಿಂಕ್ ಲೈನ್ ಬಗ್ಗೆ ನಂಗೆ ವಿಶೇಷ ಪ್ರೀತಿ. ಡೈರಿ ಸರ್ಕಲ್ಲಿಂದ ನಾಗವಾರದವರೆಗೆ ಸುಮಾರು 13.8 ಕಿ.ಮೀ., ಹನ್ನೆರಡು ಸ್ಟೇಷನ್, ಎಲ್ಲಾ ನೆಲದಡಿ, ನಾಗವಾರದ ಕಡೇ ಸ್ಟೇಷನ್ನೂ ಕೆಳಗೇ. ಅಂದ್ರೆ ಒಂದ್ಸಲ ಇಳಿದ್ರೆ ಮುಗೀತು, ಆ ತುದೀಲಿ ಹತ್ತೋ ತಾಪತ್ರಯವೇ ಇಲ್ಲ. ಇದು ಪಕ್ಕಾ ಸಿಮ್ಯುಟ್ರಾನ್ಸ್ ಆಡೋನ ಐಡಿಯಾ.

ಇಳಿಜಾರಲ್ಲಿ ಜಾಣತನಾನೂ ಇದೆ. 1900ರಲ್ಲಿ ಶುರುವಾದ ಲಂಡನ್ನಿನ ಸೆಂಟ್ರಲ್ ಲೈನಲ್ಲಿ ಸ್ಟೇಷನ್‌ಗಳನ್ನ ಸಣ್ಣ ದಿಬ್ಬದ ಮೇಲೆ ಕೂರಿಸಿದಂಗೆ ಕಟ್ಟಿದ್ರು. ರೈಲು ಬರುವಾಗ ಏರು, ತಾನಾಗೇ ಸ್ಲೋ ಆಗುತ್ತೆ, ಹೊರಡುವಾಗ ಇಳುಕಲು, ತಾನಾಗೇ ಓಡುತ್ತೆ, ಬ್ರೇಕೂ ಉಳೀತು ಕರೆಂಟೂ ಉಳೀತು. ಗೇಮಲ್ಲಿ ನಾನೂ ಸ್ಟೇಷನ್ ಎರಡೂ ಕಡೆ ಒಂದೊಂದು ಓರೆ ಟೈಲ್ ಇಟ್ಟು ಹಂಗೇ ಮಾಡಿದೀನಿ, ಲಾಭ ಎಷ್ಟೋ ಗೊತ್ತಿಲ್ಲ, ಜಂಬ ಮಾತ್ರ ಇದೆ. ಗೇಮಲ್ಲಿ ಇಲ್ಲದ್ದು ನೀರು. ನಿಜವಾದ ಸುರಂಗಕ್ಕೆ ಒಂಚೂರು ಇಳಿಜಾರು ಇಡೋದೇ ಒಸರೋ ನೀರು ಒಂದು ಕಡೆ ಹರಿದು ಪಂಪಿಗೆ ಹೋಗ್ಲಿ ಅಂತ. ಒಂದು ಜೋರು ಮಳೆ ಬಂದ್ರೆ ನಮ್ಮ ಅಂಡರ್‌ಪಾಸ್‌ಗಳು ಏನಾಗ್ತವೆ ಅಂತ ಯಾರಿಗೂ ಹೇಳ್ಬೇಕಾಗಿಲ್ಲ.

ನಮ್ಮ ಚಿಕ್ಕಪ್ಪಂಗೆ ಇದನ್ನೆಲ್ಲಾ ತೋರಿಸ್ದೆ. "ಇಷ್ಟೆಲ್ಲಾ ಯಾಕೋ, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಟ್ರೈನಲ್ಲಿ ಹೋಗು, ನೀನು ಹೇಳೋದೆಲ್ಲಾ ಅಲ್ಲೇ ಇದೆ" ಅಂದ್ರು. ನಿಜ, ಆ ಘಾಟಲ್ಲಿ 57 ಸುರಂಗ, ಐವತ್ತು ಮೀಟರಿಗೆ ಒಂದು ಮೀಟರ್ ಏರು, ಸುಬ್ರಹ್ಮಣ್ಯದ ಕಡೆಯಿಂದ ಹತ್ತೋ ಭಾರದ ಗಾಡಿಗೆ ಹಿಂದಿಂದ ತಳ್ಳಕ್ಕೆ ಬ್ಯಾಂಕರ್ ಇಂಜಿನ್ ಹಾಕ್ತಾರೆ.

ಅದೇ ಆಸೆಗೆ ಈಗ ನನ್ನ ಕಲ್ಲಿದ್ದಲು ಗಾಡಿಗೂ ಇನ್ನೊಂದು ಇಂಜಿನ್ ಹಾಕೋಣ ಅಂತಿದೀನಿ, ಏರಲ್ಲಿ ಆಮೆ ತರ ತೆವಳ್ತಾ ಹಿಂದಿನ ಗಾಡಿಗಳನ್ನೆಲ್ಲಾ ನಿಲ್ಲಿಸ್ಬಿಡುತ್ತೆ. ಆದ್ರೆ ಇಂಜಿನ್ ಸೇರಿಸಿದ್ರೆ ಪ್ಲಾಟ್‌ಫಾರ್ಮ್ ಉದ್ದ ಸಾಲಲ್ಲ, ಪ್ಲಾಟ್‌ಫಾರ್ಮ್ ಬೆಳೆಸಿದ್ರೆ ಇಳಿಜಾರು ಹಿಂದಕ್ಕೆ ಹೋಗ್ಬೇಕು, ಇಳಿಜಾರು ಹಿಂದಕ್ಕೆ ಹೋದ್ರೆ ಸುರಂಗದ ಬಾಯಿ ಸರಿಯಾಗಿ ಟೌನ್ ಹಾಲ್ ಇರೋ ಜಾಗಕ್ಕೇ ಬರುತ್ತೆ, ಇನ್ನೂ ಒಂದು ಮೆಟ್ಟಿಲು ಇಳಿಸಿ ಅದರ ಕೆಳಗೇ ನುಗ್ಗಿಸೋಣ ಅಂದ್ರೆ ಅಲ್ಲಿ ಆಗ್ಲೇ ನನ್ನದೇ ಇನ್ನೊಂದು ಲೈನ್ ಇದೆ.